ಹಗಲು ಕುಗ್ಗುವ ತೇಗ

2023 ಜೂನ್ 18, ಭಾನುವಾರ
ಶಿರಸಿ ಸೀಮೆ

ಬೆಳಗಿನ ಐದೂವರೆಗೆ ಟಾರ್ಚ್ ಹಿಡಿದು ಹಿತ್ತಿಲಿನ ತೇಗದ ಬಳಿ ಹೋಗಿ, ಕಾಂಡಕ್ಕೆ ಸುತ್ತಿದ ಪಟ್ಟಿಯ ಕಿಂಡಿಯಲ್ಲಿ (ಮರ ಉಬ್ಬಿದರೆ ಇದು ಅಗಲವಾಗುತ್ತದೆ, ಕುಗ್ಗಿದರೆ ಕಿರಿದಾಗುತ್ತದೆ) ವರ್ನಿಯರ್ ಅಳತೆಗೋಲು ಇಟ್ಟು ನೋಡಿದಾಗ ಅಳತೆ 24.36 ಮಿಲಿಮೀಟರ್ ಇತ್ತು. ಮಧ್ಯಾಹ್ನ ಎರಡೂವರೆಗೆ ಅದೇ ಕಿಂಡಿ 23.88ಕ್ಕೆ ಇಳಿದಿತ್ತು. ಒಂಬತ್ತು ಗಂಟೆಗಳಲ್ಲಿ ಮರದ ಸುತ್ತಳತೆ ಸುಮಾರು ಅರ್ಧ ಮಿಲಿಮೀಟರ್ ಕುಗ್ಗಿದೆ. ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯವರು, “ಮರ ಹಗಲು ಸಣ್ಣ ಆಗ್ತದೆ ಅಂದ್ರೆ ಯಾರು ನಂಬ್ತಾರೆ ಮಾರಾಯ್ರೇ?” ಎಂದು ನಕ್ಕರು. ಮೂರು ತಿಂಗಳ ಹಿಂದಾಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಕಾರಣವೇನೋ ಸರಳವಾಗಿದೆ. ಬಿಸಿಲೇರಿದಂತೆ ಎಲೆಗಳು ಪತ್ರರಂಧ್ರಗಳ ಮೂಲಕ ಬಿಡುವ ನೀರಿನಷ್ಟನ್ನು ಬೇರುಗಳು ಅದೇ ವೇಗದಲ್ಲಿ ಮೇಲಕ್ಕೆ ಒದಗಿಸಲಾರವು. ಆ ಕೊರತೆಯನ್ನು ಮರ ತನ್ನ ತೊಗಟೆಯ ಒಳಪದರದಲ್ಲಿರುವ ನೀರಿನಿಂದಲೇ ತುಂಬಿಕೊಳ್ಳುವುದರಿಂದ ಕಾಂಡ ಕುಗ್ಗುತ್ತದೆ. ರಾತ್ರಿ ಪತ್ರರಂಧ್ರಗಳು ಮುಚ್ಚಿಕೊಂಡಾಗ ಬೇರುಗಳು ಸಾಲ ತೀರಿಸುತ್ತವೆ, ಕಾಂಡ ಮತ್ತೆ ಉಬ್ಬುತ್ತದೆ. ನಿಜವಾದ ಬೆಳವಣಿಗೆ ನಡೆಯುವುದೂ ಹೆಚ್ಚಾಗಿ ಆಗಲೇ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಕ್ಯಾಂಬಿಯಂ ಎಂಬ ತೆಳುಪದರದಲ್ಲಿ ಹೊಸ ಕೋಶಗಳು ಹಿಗ್ಗಬೇಕಾದರೆ ಒಳಗಿನ ನೀರಿನ ಒತ್ತಡ ಕೋಶದ ಗೋಡೆಯನ್ನು ಹೊರಕ್ಕೆ ತಳ್ಳುವಷ್ಟು ಇರಬೇಕು. ಬಿಸಿಲಿನಲ್ಲಿ ಆಹಾರ ಎಷ್ಟೇ ತಯಾರಾದರೂ ಆ ಒತ್ತಡವಿಲ್ಲದೆ ಕಾಂಡ ದಪ್ಪವಾಗುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 170 ಮರಗಳನ್ನು ಎಂಟು ವರ್ಷಗಳವರೆಗೆ ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಮರಗಳು ಮುಖ್ಯವಾಗಿ ರಾತ್ರಿ ಬೆಳೆಯುತ್ತವೆ, ಮತ್ತು ಮಣ್ಣು ತಕ್ಕಮಟ್ಟಿಗೆ ಒಣಗಿದ್ದರೂ ಗಾಳಿ ತೇವವಾಗಿದ್ದರೆ ಬೆಳೆಯಬಲ್ಲವು.

ಗಾಳಿಯ ಒಣತನವನ್ನು ಶೇಕಡಾವಾರು ಆರ್ದ್ರತೆಯಿಂದ ಮಾತ್ರ ಅಳೆದರೆ ಮೋಸಹೋಗುತ್ತೇವೆ. ಇವತ್ತು ಬೆಳಿಗ್ಗೆ 23 ಡಿಗ್ರಿ ಉಷ್ಣಾಂಶ, ಶೇ. 96 ಆರ್ದ್ರತೆ ಇತ್ತು. ಗಾಳಿ ಇನ್ನೂ ಹೀರಬಹುದಾಗಿದ್ದ ಆವಿಯ ಒತ್ತಡ, ಅಂದರೆ ಆವಿಯ ಕೊರತೆ, ಸುಮಾರು 0.1 ಕಿಲೋಪಾಸ್ಕಲ್. ಮಧ್ಯಾಹ್ನ 30 ಡಿಗ್ರಿ, ಶೇ. 70. ಕೇಳಿದರೆ ಒದ್ದೆ ಹವೆಯೇ ಅನ್ನಿಸುತ್ತದೆ. ಆದರೆ ಕೊರತೆ 1.3ರ ಹತ್ತಿರ, ಬೆಳಗಿನದರ ಸುಮಾರು ಹನ್ನೊಂದು ಪಟ್ಟು. ಎಲೆಗೆ ತಿಳಿಯುವುದು ಈ ಎರಡನೆಯ ಲೆಕ್ಕ.

ನನ್ನ ಪಟ್ಟಿಯ ದೋಷವನ್ನೂ ಇಲ್ಲಿ ಬರೆದಿಡಬೇಕು. ಎದೆಯೆತ್ತರಕ್ಕೆ, ಅಂದರೆ ನೆಲದಿಂದ 1.37 ಮೀಟರ್ ಮೇಲೆ, ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಸುತ್ತಿ ಸ್ಪ್ರಿಂಗ್ ಸಿಕ್ಕಿಸಿದ್ದು ಮಾರ್ಚ್ 12ರಂದು. ಏಪ್ರಿಲ್‌ನಲ್ಲಿ ತೇಗ ಪೂರ್ತಿ ಬೋಳಾಗಿತ್ತು. ಎಲೆಯೇ ಇಲ್ಲದ ಮರ ನೀರು ಕಳೆದುಕೊಳ್ಳುವುದು ಅತ್ಯಲ್ಪ. ಆದರೂ ಮಧ್ಯಾಹ್ನದ ಅಳತೆ ದಿನವೂ ಕಾಲು ಮಿಲಿಮೀಟರಿನಷ್ಟು ಕಡಿಮೆ ಬರುತ್ತಿತ್ತು. ಎರಡು ವಾರ ತಲೆಕೆಡಿಸಿಕೊಂಡ ಮೇಲೆ ಹೊಳೆದದ್ದು, ಹಿಗ್ಗುತ್ತಿದ್ದದ್ದು ಉಕ್ಕು. ಒಂದೂವರೆ ಮೀಟರ್ ಉದ್ದದ ಪಟ್ಟಿ 10 ಡಿಗ್ರಿ ಬಿಸಿಯಾದರೆ ಕಾಲು ಮಿಲಿಮೀಟರ್ ಉದ್ದವಾಗುತ್ತದೆ, ಸ್ಪ್ರಿಂಗ್ ಅದನ್ನು ಎಳೆದುಕೊಳ್ಳುತ್ತದೆ, ಮರ ಕುಗ್ಗಿದಂತೆ ಕಾಣುತ್ತದೆ. ಹಾಗಾಗಿ ಇವತ್ತಿನ 0.48ರಲ್ಲೂ ಏಳು ಡಿಗ್ರಿಗೆ ಸಲ್ಲುವ 0.18ನ್ನು ಕಳೆಯಬೇಕು. ಉಳಿದ 0.30 ಮಾತ್ರ ಮರದ್ದು. ತ್ರಿಜ್ಯದ ಲೆಕ್ಕದಲ್ಲಿ ಅದು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಪಕ್ಕದ ಹಲಸು ವರ್ಷವಿಡೀ ಎಲೆ ಹೊತ್ತಿರುವ ಮರವಾದ್ದರಿಂದ ಅದಕ್ಕೂ ಒಂದು ಪಟ್ಟಿ ಹಾಕಿದ್ದೆ. ಅದರ ಸ್ಪ್ರಿಂಗನ್ನು ಮಂಗಗಳು ಕಿತ್ತುಕೊಂಡು ಹೋದವು.

ಈ ವರ್ಷ ಮಳೆಯೂ ತಡವಾಗಿದೆ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟಬೇಕಿದ್ದ ಮುಂಗಾರು 8ಕ್ಕೆ ಬಂತು, ಬಿಪರ್‌ಜಾಯ್ ಚಂಡಮಾರುತ 15ರಂದು ಗುಜರಾತಿನ ಕಡಲತಡಿಗೆ ಅಪ್ಪಳಿಸಿತು, ಮೃಗಶಿರಾ ಮಳೆ ನಮ್ಮಲ್ಲಿ ಇನ್ನೂ ಜಿಟಿಜಿಟಿಯಲ್ಲೇ ಇದೆ. ಹತ್ತನೆಯ ತಾರೀಖು ಸಂಜೆ ಮಾತ್ರ ಒಂದು ಒಳ್ಳೆಯ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಕಿಂಡಿ 23.12ರಿಂದ 24.28ಕ್ಕೆ ಹಾರಿತ್ತು. ಒಂದೇ ರಾತ್ರಿಯಲ್ಲಿ ಒಂದು ಮಿಲಿಮೀಟರಿಗೂ ಮೇಲೆ! ಸಂತೋಷದಿಂದ “ಬೆಳವಣಿಗೆ” ಎಂಬ ಕಾಲಂನಲ್ಲಿ ಬರೆದುಬಿಟ್ಟೆ. ಮಳೆ ನಿಂತ ಐದೇ ದಿನಕ್ಕೆ, 16ರ ಬೆಳಿಗ್ಗೆ, ಅದು 23.70ಕ್ಕೆ ಇಳಿದಿತ್ತು. ನಾನು ಅಳೆದದ್ದು ಒಣಗಿದ್ದ ತೊಗಟೆ ನೀರು ಕುಡಿದು ಉಬ್ಬಿದ್ದನ್ನು. ಕಟ್ಟಿಗೆಯಾದದ್ದು ಹಿಂದಕ್ಕೆ ಹೋಗುವುದಿಲ್ಲ.

ಆದ್ದರಿಂದ ಈಗ ಕಟ್ಟುನಿಟ್ಟಿನ ನಿಯಮವೊಂದನ್ನು ಇಟ್ಟುಕೊಂಡಿದ್ದೇನೆ. ಬೆಳಗಿನ ಅಳತೆ ಹಿಂದಿನ ಎಲ್ಲ ಬೆಳಗಿನ ಅಳತೆಗಳ ಗರಿಷ್ಠವನ್ನು ದಾಟಿದಾಗ ಮಾತ್ರ, ದಾಟಿದಷ್ಟನ್ನು ಮಾತ್ರ ಬೆಳವಣಿಗೆ ಎನ್ನುವುದು. ಉಳಿದದ್ದೆಲ್ಲ ನೀರಿನ ಓಡಾಟ. ಮಾರ್ಚ್ 12ರ ಅಳತೆ 25.00 ಇತ್ತು. ನಿನ್ನೆ ರಾತ್ರಿಯ ಹನಿಯ ನಂತರವೂ ಮರ 0.64 ಹಿಂದೆಯೇ ಇದೆ. ಎಲೆಗಳು ಅಂಗೈ ಅಗಲಕ್ಕೆ ಬಂದಿವೆ, ನೋಡುವವರಿಗೆ ಮರ ಭರದಿಂದ ಬೆಳೆಯುತ್ತಿರುವಂತೆ ಕಾಣುತ್ತದೆ. ಹನ್ನೊಂದರ ಸಾಲನ್ನು ಹೊಡೆದುಹಾಕಿ, ಇವತ್ತಿನ ಸಾಲಿನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೇನೆ.

ರಾತ್ರಿ ಒಂಬತ್ತಕ್ಕೆ ಮತ್ತೊಮ್ಮೆ ನೋಡಿದೆ: 24.18, ಹೊರಗೆ ಸಣ್ಣ ಹನಿ ಶುರುವಾಗಿದೆ.