ಮೈಸೂರಿಗೆ ಮರಳುವ ಮುನ್ನ: ಇಬ್ಬರಲ್ಲಿ ಒಬ್ಬರೇ ಉಳಿದಾಗಿನ ಲೆಕ್ಕ

ಅಮೆರಿಕ, ಇಂಗ್ಲೆಂಡ್, ಗಲ್ಫ್ ಕಡೆ ಇಪ್ಪತ್ತು ಮೂವತ್ತು ವರ್ಷ ದುಡಿದ ನಮ್ಮವರು ನಿವೃತ್ತಿ ಹತ್ತಿರ ಬಂದಾಗ ಮೊದಲು ಕೇಳುವುದು, "ಮೈಸೂರಿನಲ್ಲಿ ತಿಂಗಳಿಗೆ ಎಷ್ಟು ಖರ್ಚು ಬರುತ್ತೆ?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು, ಕಾರು ಓಡಿಸಿಕೊಂಡು ಓಡಾಡುವ ಅರವತ್ತೆರಡರಲ್ಲಿ ಯಾವ ಊರಾದರೂ ಒಗ್ಗುತ್ತದೆ. ಎಂಬತ್ತು ದಾಟುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಬ್ಬರೇ ಉಳಿದಿರುತ್ತಾರೆ. ಬ್ಯಾಂಕು, ತೆರಿಗೆ, ಖಾತೆ ಇವನ್ನೆಲ್ಲ ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದವರು ಅವರಲ್ಲದೆಯೂ ಇರಬಹುದು. ಆ ಒಬ್ಬರಿಗೆ ಪಿಂಚಣಿ ಬರುತ್ತದೆಯೇ, ಅರ್ಧ ಗಂಟೆಯೊಳಗೆ ಆಸ್ಪತ್ರೆ ಸಿಗುತ್ತದೆಯೇ, ಮನೆ ತಕರಾರಿಲ್ಲದೆ ಅವರ ಹೆಸರಿಗೆ ಬರುತ್ತದೆಯೇ? ಈ ಮೂರನ್ನು ಬಗೆಹರಿಸಿಕೊಂಡು ದೇಶ ಆರಿಸಿ, ಆಮೇಲೆ ಊರು, ಆಮೇಲೆ ಮನೆ.

ಈಗೀಗ ಮೂರನೆಯ ದೇಶದ ಮಾತೂ ಕೇಳಿಬರುತ್ತಿದೆ. ಥಾಯ್ಲೆಂಡ್ 50 ದಾಟಿದವರಿಗೆ ನಿವೃತ್ತಿ ವಾಸದ ಅನುಮತಿ ಕೊಡುತ್ತದೆ: ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ವರ್ಷವರ್ಷ ನವೀಕರಣ, 90 ದಿನಕ್ಕೊಮ್ಮೆ ವಿಳಾಸದ ವರದಿ. ಮಲೇಷ್ಯಾ 2021ರಲ್ಲಿ ತನ್ನ ಯೋಜನೆಯ ಆದಾಯದ ಮಿತಿಯನ್ನು ತಿಂಗಳಿಗೆ 10,000 ರಿಂಗಿಟ್‌ನಿಂದ ಒಂದೇ ಸಲ 40,000ಕ್ಕೆ ಏರಿಸಿತು. ಆಮೇಲೆ ಯೋಜನೆಯನ್ನೇ ಮತ್ತೆ ಬದಲಿಸಿತು. ಪೋರ್ಚುಗಲ್ ಹೊರದೇಶದ ಪಿಂಚಣಿದಾರರನ್ನು ಸೆಳೆದ ಹಳೆಯ ತೆರಿಗೆ ರಿಯಾಯಿತಿಯನ್ನು 2024ರಿಂದ ಹೊಸಬರಿಗೆ ನಿಲ್ಲಿಸಿದೆ. ಅರವತ್ತರಲ್ಲಿ ಇವನ್ನೆಲ್ಲ ನಿಭಾಯಿಸಬಹುದು. ಎಂಬತ್ತರಲ್ಲಿ ಒಬ್ಬರೇ, ಭಾಷೆ ಬಾರದ ಊರಿನ ವಲಸೆ ಕಚೇರಿಯಲ್ಲಿ ಪ್ರತಿವರ್ಷ ಸಾಲಿನಲ್ಲಿ ನಿಲ್ಲಬೇಕೆಂದರೆ ಅದು ನೆಮ್ಮದಿಯ ನಿವೃತ್ತಿ ಅಲ್ಲ. ಈ ಒಂದು ಕಾರಣಕ್ಕೇ ಭಾರತದ ಪಾಸ್‌ಪೋರ್ಟ್ ಅಥವಾ ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇರುವವರಿಗೆ ಊರೇ ಮೇಲು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಒಸಿಐ ಜೀವನಪರ್ಯಂತದ್ದು, ಪೊಲೀಸ್ ನೋಂದಣಿಯ ಗೋಜಿಲ್ಲ. ವೋಟು ಇಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಬಾಳಸಂಗಾತಿ ಭಾರತೀಯ ಮೂಲದವರಲ್ಲದಿದ್ದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ ಮೇಲಷ್ಟೇ ಅವರು ಒಸಿಐಗೆ ಅರ್ಜಿ ಹಾಕಬಹುದು. ಭಾರತದಲ್ಲಿ ನಿವೃತ್ತಿ ವೀಸಾ ಎಂಬುದೇ ಇಲ್ಲವಾದ್ದರಿಂದ ಈ ಕೆಲಸವನ್ನು ಹೊರಡುವ ಮುಂಚೆಯೇ ಮುಗಿಸಿ.

ಇನ್ನು ಪಿಂಚಣಿ. ಇಂಗ್ಲೆಂಡಿನ ಸರ್ಕಾರಿ ಪಿಂಚಣಿ ಭಾರತಕ್ಕೆ ಬರುತ್ತದೆ, ಆದರೆ ಇಲ್ಲಿ ಅದು ಏರುವುದಿಲ್ಲ. ಇಲ್ಲಿಗೆ ಬಂದ ದಿನ ಎಷ್ಟಿತ್ತೋ, ಅಥವಾ ಇಲ್ಲಿದ್ದಾಗ ಶುರುವಾಗಿದ್ದರೆ ಮೊದಲ ಕಂತು ಎಷ್ಟಿತ್ತೋ, ಇಪ್ಪತ್ತು ವರ್ಷವಾದರೂ ಅಷ್ಟೇ ಪೌಂಡು. ಅಮೆರಿಕದಲ್ಲೋ ಯುರೋಪಿನ ಒಕ್ಕೂಟದ ದೇಶದಲ್ಲೋ ನೆಲೆಸಿದರೆ ವರ್ಷವರ್ಷ ಏರುತ್ತದೆ. 2016ರ ಏಪ್ರಿಲ್ ನಂತರದ ಹೊಸ ಪಿಂಚಣಿ ಅವರವರ ಸ್ವಂತ ವಂತಿಗೆಯ ಮೇಲೆ ನಿಂತಿದೆ: ಕನಿಷ್ಠ 10 ವರ್ಷ, ಪೂರ್ತಿ ಬೇಕಾದರೆ ಸಾಮಾನ್ಯವಾಗಿ 35. ಗಂಡನ ಪಿಂಚಣಿ ಹೆಂಡತಿಗೆ ಮುಂದುವರಿಯುತ್ತದೆ ಎಂದು ನಂಬಿ ಕೂರಬೇಡಿ. ಇಬ್ಬರ ದಾಖಲೆಯನ್ನೂ ಬೇರೆಬೇರೆಯಾಗಿ ತೆಗೆಸಿ ನೋಡಿ. ಕೆನಡಾದ ವೃದ್ಧಾಪ್ಯ ಭದ್ರತಾ ಹಣ ಆರು ತಿಂಗಳಾಚೆಗೆ ಹೊರದೇಶದಲ್ಲೂ ಬರಬೇಕಾದರೆ 18 ತುಂಬಿದ ಮೇಲೆ 20 ವರ್ಷ ಅಲ್ಲಿ ವಾಸವಿದ್ದಿರಬೇಕು. ಹತ್ತೊಂಬತ್ತನೇ ವರ್ಷದಲ್ಲಿ ಹೊರಡುವವರು ಈ ಲೆಕ್ಕ ನೋಡಿಕೊಳ್ಳಲಿ.

ಅಮೆರಿಕದ ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ವಿಷಯದಲ್ಲಿ ಪೌರತ್ವ ಇದ್ದವರದ್ದು ಒಂದು ದಾರಿ, ಗ್ರೀನ್ ಕಾರ್ಡಿನಲ್ಲೇ ಉಳಿದವರದ್ದು ಇನ್ನೊಂದು. ಪೌರರಿಗೆ ಭಾರತದಲ್ಲಿ ಹಣ ಬರಲು ತೊಡಕಿಲ್ಲ. ಭಾರತದ ಪೌರರಾಗಿಯೇ ಉಳಿದವರಿಗೆ 40 ಕ್ರೆಡಿಟ್ (ಸುಮಾರು 10 ವರ್ಷದ ದುಡಿಮೆ) ಅಥವಾ ಅಲ್ಲಿ 10 ವರ್ಷದ ವಾಸ ಇದ್ದರೆ ಬರುತ್ತದೆ, ಆದರೆ ಗ್ರೀನ್ ಕಾರ್ಡ್ ಒಪ್ಪಿಸಿದ ಮೇಲೆ ಪಿಂಚಣಿಯ ಶೇ. 85 ಭಾಗದ ಮೇಲೆ ಶೇ. 30, ಅಂದರೆ ಒಟ್ಟು ಮೊತ್ತದ ಶೇ. 25.5ರಷ್ಟು, ತೆರಿಗೆಯಾಗಿ ಅಲ್ಲೇ ಮುರಿದುಕೊಳ್ಳುತ್ತಾರೆ. ಸಂಗಾತಿ ತೀರಿಕೊಂಡು ಒಬ್ಬರೇ ಉಳಿದವರ ಪ್ರಶ್ನೆ ಇಲ್ಲಿ ಇನ್ನೂ ಬಿಗಿ: ಅಮೆರಿಕದ ಪೌರತ್ವವಿಲ್ಲದ ವಿಧವೆ ಅಥವಾ ವಿಧುರರಿಗೆ ಭಾರತದಲ್ಲಿ ಕುಟುಂಬ ಪಾಲು ಬರಬೇಕಾದರೆ, ಮದುವೆಯ ಅವಧಿಯಲ್ಲೇ ಅವರು ಕನಿಷ್ಠ 5 ವರ್ಷ ಅಮೆರಿಕದಲ್ಲಿ ಇದ್ದಿರಬೇಕು. ಹಿರಿಯರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇಲ್ಲಿನ ಆಸ್ಪತ್ರೆಗೆ ದುಡ್ಡು ಕೊಡುವುದಿಲ್ಲ. ಅದರಲ್ಲಿ ವೈದ್ಯರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಕಂತು ನಿಲ್ಲಿಸಿ ಬಂದು, ಮುಂದೆ ಮಕ್ಕಳ ಬಳಿ ವಾಪಸ್ ಹೋದರೆ, ಬಿಟ್ಟ ಪ್ರತಿ ಪೂರ್ಣ ವರ್ಷಕ್ಕೆ ಕಂತು ಶೇ. 10 ಹೆಚ್ಚಾಗುತ್ತದೆ, ಅದೂ ಜೀವನಪರ್ಯಂತ. ವಾಪಸ್ ಹೋಗುವ ಸಾಧ್ಯತೆ ಗಟ್ಟಿಯಾಗಿದ್ದರೆ ಮೊದಲೆರಡು ವರ್ಷ ಆ ಕಂತು ಕಟ್ಟುತ್ತಲೇ ಇರುವುದು ಜಾಣತನ.

ಗ್ರೀನ್ ಕಾರ್ಡ್ ಇಟ್ಟುಕೊಂಡು ವರ್ಷಕ್ಕಿಂತ ಹೆಚ್ಚು ಇಲ್ಲಿರಬೇಕಾದರೆ ಮರುಪ್ರವೇಶ ಪರವಾನಗಿ ಬೇಕು. ಅರ್ಜಿ ಹಾಕುವಾಗ ನೀವು ಅಮೆರಿಕದ ನೆಲದಲ್ಲೇ ಇರಬೇಕು. ಸಾಮಾನ್ಯವಾಗಿ ಅವಧಿ 2 ವರ್ಷ. ಮೈಸೂರಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕಾರ್ಡನ್ನು ಕಳೆದ 15 ವರ್ಷದಲ್ಲಿ 8 ವರ್ಷ ಇಟ್ಟುಕೊಂಡಿದ್ದು ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ, ಒಪ್ಪಿಸುವ ಮುಂಚೆ ನಿರ್ಗಮನ ತೆರಿಗೆಯ ಲೆಕ್ಕ ಹಾಕಿಸಿ. ಒಪ್ಪಿಸಿ ಬಂದವರು ಅಲ್ಲಿನ ಷೇರುಗಳನ್ನು ಹಾಗೇ ಬಿಟ್ಟು ತೀರಿಕೊಂಡರೆ, 60,000 ಡಾಲರ್ ಮೀರಿದ ಆಸ್ತಿಗೆ ಅಮೆರಿಕ ಉತ್ತರಾಧಿಕಾರದ ತೆರಿಗೆ ಹಾಕುತ್ತದೆ. ಈ ತೆರಿಗೆಗೆ ಭಾರತದೊಂದಿಗೆ ಒಪ್ಪಂದವಿಲ್ಲ. ಹೊರೆ ಬೀಳುವುದು ಉಳಿದವರ ತಲೆಯ ಮೇಲೆ.

ಗಲ್ಫಿನವರಿಗೆ ಪಿಂಚಣಿಯೇ ಇಲ್ಲ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನದಂತೆ ಗ್ರಾಚ್ಯುಯಿಟಿ, ಅಷ್ಟೇ. ಅದನ್ನು ಪೂರಾ ಒಂದು ಮನೆಗೆ ಸುರಿಯುವುದು ಮೈಸೂರಿನ ಹೊಸ ಬಡಾವಣೆಗಳಲ್ಲಿ ಕಾಣುವ ದೊಡ್ಡ ತಪ್ಪು: ಎರಡು ಮಹಡಿ ಎದ್ದಿರುತ್ತದೆ, ತಿಂಗಳ ಆದಾಯವೇ ಇರುವುದಿಲ್ಲ. ಮನೆ ಚಿಕ್ಕದಾಗಲಿ, ತಿಂಗಳ ದುಡ್ಡು ನಿಲ್ಲದಿರಲಿ.

ಬರುವ ತಾರೀಖು ಹಣದ ಪ್ರಶ್ನೆ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್. ಒಂದು ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆಯ ಮಟ್ಟಿಗೆ ನಿವಾಸಿ. ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿ ಕಳೆದಿದ್ದವರು ಕಾಯಂ ಆಗಿ ಬರುವಾಗ 60 ದಿನಕ್ಕೇ ನಿವಾಸಿಯಾಗಿಬಿಡಬಹುದು, ಎಚ್ಚರ. ಅಕ್ಟೋಬರ್ 1ಕ್ಕೆ ಇಳಿದರೆ ಮಾರ್ಚ್ 31ಕ್ಕೆ ಸರಿಯಾಗಿ 182, ಮರುದಿನ ಇಳಿದರೆ 181. ಫೆಬ್ರವರಿ 1ಕ್ಕೆ ಇಳಿದರೆ 59 ದಿನ. 2028ರಂಥ ಅಧಿಕ ವರ್ಷದಲ್ಲಿ ಅದೇ 60 ಆಗಿಬಿಡುತ್ತದೆ. ಇಳಿದ ದಿನವನ್ನೂ ಎಣಿಸಿ, ಅದೇ ವರ್ಷ ದಸರಾಕ್ಕೆ ಬಂದು ಹೋದ ದಿನಗಳನ್ನೂ ಕೂಡಿಸಿ. ಹಲವರ ಲೆಕ್ಕ ತಪ್ಪುವುದು ಇಲ್ಲೇ. ದೀರ್ಘಕಾಲ ಹೊರಗಿದ್ದವರಿಗೆ ನಿವಾಸಿಯಾದ ಮೊದಲ ಎರಡು ವರ್ಷ, ಕೆಲವರಿಗೆ ಮೂರು, "ಸಾಮಾನ್ಯ ನಿವಾಸಿ ಅಲ್ಲ" ಎಂಬ ಸ್ಥಾನ ಸಿಗುತ್ತದೆ. ಆಗ ಹೊರದೇಶದ ಬಡ್ಡಿ, ಬಾಡಿಗೆ, ಷೇರು ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಅಲ್ಲಿನ ಮನೆ ಮಾರುವುದು, ಷೇರು ಬದಲಿಸುವುದು ಈ ಅವಧಿಯಲ್ಲೇ ಮುಗಿಯಲಿ. ಆಮೇಲೆ ಹೊರಗಿನ ಪ್ರತಿಯೊಂದು ಖಾತೆಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಬ್ಯಾಂಕಿನ ನಿಯಮ ಬೇರೆ. ನೆಲೆಸುವ ಉದ್ದೇಶದಿಂದ ಬಂದ ದಿನವೇ ವಿದೇಶಿ ವಿನಿಮಯ ಕಾಯ್ದೆಯಡಿ ನೀವು ನಿವಾಸಿ. ಹೊರಗಿನ ಗಳಿಕೆಯನ್ನು ಇಲ್ಲಿ ರೂಪಾಯಿಯಲ್ಲಿಟ್ಟ ಎನ್‌ಆರ್‌ಇ ಖಾತೆಯನ್ನು ಕೂಡಲೇ ನಿವಾಸಿ ಖಾತೆಯಾಗಿ ಬದಲಿಸಬೇಕು, ಅದರ ಬಡ್ಡಿಯ ವಿನಾಯಿತಿಯೂ ಅಲ್ಲಿಗೆ ಮುಗಿಯಿತು. ವಿದೇಶಿ ನಾಣ್ಯದಲ್ಲಿಟ್ಟ ಎಫ್‌ಸಿಎನ್‌ಆರ್ ಠೇವಣಿ ಮಾತ್ರ ಅವಧಿ ಮುಗಿಯುವವರೆಗೆ ಇರಬಹುದು. ಹಣವನ್ನು ಡಾಲರ್, ಪೌಂಡಿನಲ್ಲೇ ಇಡಬೇಕಾದರೆ ಆರ್‌ಎಫ್‌ಸಿ ಖಾತೆ ತೆರೆಯಿರಿ. ಮೇಲೆ ಹೇಳಿದ ಎರಡು ಮೂರು ವರ್ಷ ಅದರ ಬಡ್ಡಿಗೆ ತೆರಿಗೆ ಇಲ್ಲ. ಹೊರಗಿದ್ದಾಗ ಗಳಿಸಿದ ಆಸ್ತಿಯನ್ನು ಅಲ್ಲೇ ಇಟ್ಟುಕೊಳ್ಳಲು ಕಾಯ್ದೆ ಬಿಡುತ್ತದೆ, ಗಾಬರಿಯಿಂದ ಎಲ್ಲವನ್ನೂ ತರಬೇಕಿಲ್ಲ.

ಆರೋಗ್ಯ ವಿಮೆಯನ್ನು ಮರಳಿದ ಮೇಲೆ ಕೊಂಡರೆ ತಡ. ಮೊದಲೇ ಇದ್ದ ಕಾಯಿಲೆಗೆ, ಅಂದರೆ ಸಕ್ಕರೆ, ಬಿಪಿ, ಹೃದಯದ ತೊಂದರೆಗೆ, ಕಂಪನಿಗಳು 36 ತಿಂಗಳವರೆಗೆ ಕಾಯಿಸಬಹುದು. ಆದ್ದರಿಂದ ಬರುವ ಮೂರು ವರ್ಷ ಮುಂಚೆಯೇ, ಅಲ್ಲಿದ್ದುಕೊಂಡೇ ಇಲ್ಲಿನ ಪಾಲಿಸಿ ತೆಗೆದುಕೊಂಡು ಕಂತು ತಪ್ಪದೆ ಕಟ್ಟಿ. 65 ದಾಟಿದವರಿಗೆ ಪಾಲಿಸಿಯ ಬಾಗಿಲು ಮುಚ್ಚುತ್ತಿದ್ದ ವಯೋಮಿತಿ 2024ರಲ್ಲಿ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯದೆ ಮುಚ್ಚಿಟ್ಟರೆ ಕ್ಲೇಮು ಬಂದಾಗ ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ಅಲ್ಲಿನ ವೈದ್ಯರ ವರದಿಗಳನ್ನೆಲ್ಲ ಪ್ರಿಂಟ್ ತೆಗೆಸಿಕೊಂಡು ಬನ್ನಿ.

ಊರು ಆರಿಸುವಾಗ ಮೈಸೂರು ಮಂಡ್ಯಗಳ ವ್ಯತ್ಯಾಸವನ್ನು ಈ ಕಣ್ಣಿನಿಂದಲೇ ನೋಡಿ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಜೆಎಸ್‌ಎಸ್, ಕೆ.ಆರ್. ಆಸ್ಪತ್ರೆ ಇವೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ, ಅದಕ್ಕೂ ಮೀರಿದ ಚಿಕಿತ್ಸೆಗೆ ಮೈಸೂರು ಅಥವಾ ಬೆಂಗಳೂರಿಗೆ ಓಡಬೇಕು. ಅಂತರರಾಷ್ಟ್ರೀಯ ವಿಮಾನಕ್ಕೆ ಎರಡೂ ಕಡೆಯವರು ದೇವನಹಳ್ಳಿಗೇ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಬೆಂಗಳೂರಿನ ಹೊರಅಂಚಿಗೆ ಬೇಗ ಮುಟ್ಟಿಸುತ್ತದೆ, ಅಲ್ಲಿಂದಾಚೆ ನಗರವನ್ನು ದಾಟಬೇಕಲ್ಲ. ಒಂಟಿಯಾಗಿ ಬರುವ ಹಿರಿಯರಿಗೆ ವಿಮಾನ ನಿಲ್ದಾಣದಿಂದ ನೇರ ಮೈಸೂರಿಗೆ ಬರುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಒಳ್ಳೆಯ ಅನುಕೂಲ.

ಸೈಟು ನೋಡಲು ಡಿಸೆಂಬರ್ ರಜೆಯಲ್ಲಿ ಬರಬೇಡಿ. ಏಪ್ರಿಲ್‌ನಲ್ಲಿ ಬಂದು ನಲ್ಲಿಯಲ್ಲಿ ಏನು ಬರುತ್ತದೆ ನೋಡಿ: ಕಾವೇರಿ, ಕಬಿನಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ? ರಿಂಗ್ ರಸ್ತೆಯಾಚೆ ದೊಡ್ಡ ಮನೆ ಸಿಗುತ್ತದೆ, ಆದರೆ ಕಾರು ಓಡಿಸುವುದು ನಿಲ್ಲಿಸಿದ ದಿನ ಹಾಲಿಗೂ ಮಾತ್ರೆಗೂ ಇನ್ನೊಬ್ಬರನ್ನು ಕಾಯಬೇಕು. ಸರಸ್ವತಿಪುರ, ಕುವೆಂಪುನಗರ, ಜಯಲಕ್ಷ್ಮೀಪುರದ ಹಳೆಯ ಬೀದಿಯಲ್ಲಿ ಚಿಕ್ಕ ಮನೆಯಾದರೂ ನಡೆದು ಹೋಗುವಷ್ಟರಲ್ಲಿ ಎಲ್ಲವೂ ಇದೆ. ನೆಲಮಹಡಿಯಲ್ಲೇ ಒಂದು ಮಲಗುವ ಕೋಣೆ, ಗಾಲಿ ಕುರ್ಚಿ ನುಗ್ಗುವ ಮೂರು ಅಡಿ ಬಾಗಿಲಿನ ಬಚ್ಚಲು, ಜಾರದ ನೆಲ, ಗೋಡೆಗೆ ಹಿಡಿಕೆ. ಇವು ಕಟ್ಟುವಾಗಲೇ ಆಗಲಿ. ಮೊದಲ ವರ್ಷ ಬಾಡಿಗೆಗೆ ಇದ್ದು ನೋಡುವುದು ಎಲ್ಲಕ್ಕಿಂತ ಉತ್ತಮ. ಅಮೆರಿಕದ ವಾಷಿಂಗ್ ಮೆಷಿನ್ ತರಬೇಡಿ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಇಲ್ಲಿನ 50 ಹರ್ಟ್ಸ್ ಅನ್ನು 60 ಮಾಡುವುದಿಲ್ಲ, ಮೋಟಾರು ಬಿಸಿಯೇರಿ ಕೆಡಬಹುದು.

ಕಾಗದಪತ್ರದಲ್ಲಿ ಆತುರ ಬೇಡ. ನೋಂದಣಿಗೆ ಈಗ ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಕಡ್ಡಾಯ. ಮೂಲಪತ್ರದಿಂದ ಇವತ್ತಿನ ಕ್ರಯಪತ್ರದವರೆಗಿನ ಸರಪಳಿ, ಕನಿಷ್ಠ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಭೂ ಪರಿವರ್ತನೆ ಆದೇಶ, ಹಳೆಯ ಮುಡಾ ಅಥವಾ ಈಗಿನ ಎಂಡಿಎ (ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆ ನಕ್ಷೆ: ಈ ನಾಲ್ಕರಲ್ಲಿ ಒಂದಿಲ್ಲದ ರೆವಿನ್ಯೂ ಸೈಟು ಎಷ್ಟು ಅಗ್ಗವಾದರೂ ಬಿಡಿ. ಮಾರುವವರೂ ಎನ್‌ಆರ್‌ಐ ಆಗಿದ್ದರೆ ಕೊಳ್ಳುವವರು ಮುರಿಯಬೇಕಾದ ಟಿಡಿಎಸ್ (ಕೊಡುವ ಹಣದಲ್ಲೇ ಹಿಡಿಯುವ ತೆರಿಗೆ) ಶೇ. 1 ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಮುಂಗಡ ಕೊಡುವ ಮುಂಚೆಯೇ ಸಿ.ಎ. ಬಳಿ ಕೇಳಿ.

ಮಂಡ್ಯದ ಕಡೆ ಗದ್ದೆ, ತೋಟದ ಆಸೆ ಇರುವವರಿಗೆ ಒಂದು ಮಾತು. 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂಬುದು ನಿಜ. ಆದರೆ ಎನ್‌ಆರ್‌ಐ ಮತ್ತು ಒಸಿಐಗಳಿಗೆ ಅಡ್ಡ ಬರುವುದು ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ, ಅದು ಬದಲಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ತಮ್ಮನ ಹೆಸರಿನಲ್ಲಿ ಕೊಂಡು "ಆಮೇಲೆ ನೋಡೋಣ" ಎನ್ನುವ ವ್ಯವಹಾರಕ್ಕೆ ಇಳಿಯಬೇಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ವಾಪಸ್ ಹೋಗುತ್ತದೆ. ಇನ್ನು ತಂದೆಯ ಮನೆ, ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಆಮೇಲೆ ವಿಭಾಗ ಪತ್ರ. ಅಕ್ಕತಂಗಿಯರಿಗೂ ಸಮಪಾಲು ಇದೆ, ಅವರ ಸಹಿ ಬೇಕೇ ಬೇಕು. ಎಲ್ಲರೂ ಬದುಕಿದ್ದಾಗ, ಮಾತುಕತೆ ಚೆನ್ನಾಗಿದ್ದಾಗ ಇದು ವಾರಗಳ ಕೆಲಸ. ಒಬ್ಬರು ತೀರಿಕೊಂಡರೆ ಅವರ ಮಕ್ಕಳನ್ನೆಲ್ಲ ಹುಡುಕಿಕೊಂಡು ಹೋಗಬೇಕು. ಹೊರದೇಶದಿಂದಲೇ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಕಳಿಸುವುದಾದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ನೆಲೆಸಿದ ಮೇಲೆ ಮೊದಲ ತಿಂಗಳಲ್ಲೇ ಇಬ್ಬರೂ ಉಯಿಲು ಬರೆಯಿರಿ. ಸ್ಟಾಂಪ್ ಪೇಪರ್ ಬೇಕಿಲ್ಲ, ಇಬ್ಬರು ಸಾಕ್ಷಿಗಳು ಸಾಕು. ಉಪನೋಂದಣಾಧಿಕಾರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. ಹೊರದೇಶದ ಆಸ್ತಿಗೆ ಅಲ್ಲಿನ ವಕೀಲರಿಂದ ಪ್ರತ್ಯೇಕ ಉಯಿಲು ಮಾಡಿಸಿ, ಒಂದು ಇನ್ನೊಂದನ್ನು ರದ್ದು ಮಾಡದಂತೆ ಎರಡರಲ್ಲೂ ಬರೆಸಿ. ಬ್ಯಾಂಕಿನ ನಾಮಿನಿ ಹಣ ಪಡೆಯುವವರೇ ಹೊರತು ಹಕ್ಕುದಾರರಲ್ಲ, ಆದ್ದರಿಂದ ಖಾತೆ ಇಬ್ಬರ ಹೆಸರಿನಲ್ಲಿ, ಯಾರಾದರೊಬ್ಬರು ನಡೆಸುವಂತೆ ಇರಲಿ. ನೋಡಿಕೊಳ್ಳುತ್ತೇನೆ ಎಂದ ಬಂಧುವಿಗೆ ಮನೆಯನ್ನು ದಾನಪತ್ರ ಮಾಡುವ ಮುಂಚೆ ಹತ್ತು ಸಲ ಯೋಚಿಸಿ. ಮಾಡಲೇಬೇಕಾದರೆ "ಜೀವನಪರ್ಯಂತ ಪೋಷಿಸಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಯ ಮುಂದೆ ಆ ದಾನವನ್ನು ರದ್ದು ಮಾಡಿಸಲು ಆ ಷರತ್ತೇ ಆಧಾರ.

ಕೊನೆಯದು ಅಂಚೆ. ಇಂಗ್ಲೆಂಡಿನ ಪಿಂಚಣಿ ಇಲಾಖೆ ಕಳಿಸುವ ಜೀವಿತ ಪ್ರಮಾಣಪತ್ರ 16 ವಾರದೊಳಗೆ ವಾಪಸ್ ಹೋಗದಿದ್ದರೆ ಪಿಂಚಣಿ ನಿಲ್ಲಬಹುದು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯವರು ಕಳಿಸುವ 7162 ಫಾರಂ ತುಂಬಿ ಕಳಿಸದಿದ್ದರೂ ಹಾಗೆಯೇ. ಇವು ಬರುವುದು ನೀವು ಕೊಟ್ಟ ವಿಳಾಸಕ್ಕೆ, ಬಾಡಿಗೆ ಮನೆ ಬದಲಿಸಿದ್ದು ಅವರಿಗೆ ಗೊತ್ತಿರುವುದಿಲ್ಲ. ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡ್ ಸಹಿತ ವಿಳಾಸವನ್ನು ಮನೆ ಬದಲಿಸಿದ ವಾರವೇ ತಿಳಿಸಿ. ಪಿಂಚಣಿ ಸಂಖ್ಯೆ, ಫಾರಂ ಬರುವ ತಿಂಗಳು, ಯಾರಿಗೆ ಬರೆಯಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಉಯಿಲಿನ ಜೊತೆ ಇಡಿ, ಮೊದಲ ವರ್ಷದ ಫಾರಂ ಅನ್ನು ಇಬ್ಬರೂ ಕೂತು ತುಂಬಿ.