ಮೂರರಲ್ಲಿ ಎರಡು ಪಾಲು: ಊರ ಕಟ್ಟಡದ ಸಾಲಕ್ಕೆ ಮತ ಹಾಕಿಸುವ ಮಾದರಿ, ಆರು ವಾರಗಳ ಕೆಲಸ

ಅಮೆರಿಕದ ಸಣ್ಣ ಊರುಗಳಲ್ಲಿ ಶಾಲೆ, ಗ್ರಂಥಾಲಯ ಅಥವಾ ಅಗ್ನಿಶಾಮಕ ಠಾಣೆ ಕಟ್ಟಲು ಸಾಲ ಎತ್ತಬೇಕಾದಾಗ, ಅನೇಕ ರಾಜ್ಯಗಳಲ್ಲಿ ಆಡಳಿತ ಮಂಡಳಿಯ ನಿರ್ಣಯವೊಂದೇ ಸಾಕಾಗುವುದಿಲ್ಲ. ಆ ಸಾಲವನ್ನು ಮುಂದೆ ಇಪ್ಪತ್ತು ವರ್ಷ ಆಸ್ತಿ ತೆರಿಗೆಯ ರೂಪದಲ್ಲಿ ತೀರಿಸುವವರು ಊರಿನವರೇ ಆದ್ದರಿಂದ ಪ್ರಶ್ನೆಯನ್ನು ನೇರವಾಗಿ ಅವರ ಮತಕ್ಕೆ ಬಿಡಲಾಗುತ್ತದೆ. ಈ ಮತದಾನವನ್ನು ಕಂಪ್ಯೂಟರಿನಲ್ಲಿ ಒಂದು ಪುಟ್ಟ ಮಾದರಿಯಾಗಿ ಕಟ್ಟಿ ನೋಡಬೇಕೆಂದು ಆರು ವಾರಗಳ ಹಿಂದೆ ಹವ್ಯಾಸಕ್ಕಾಗಿ ಕೆಲಸ ಆರಂಭಿಸಿದೆ. ಮಾದರಿಯ ಊರಿಗೆ ಹೆಸರಿಟ್ಟಿಲ್ಲ. ಅಲ್ಲಿ 3,000 ಮತದಾರರಿದ್ದಾರೆ, ಮಾಡು ಸೋರುವ ಒಂದು ಹಳೆಯ ಶಾಲೆಯಿದೆ, ಹೊಸದನ್ನು ಕಟ್ಟಬೇಕೆನ್ನುವವರೂ ಬೇಡವೆನ್ನುವವರೂ ಸರಿಸಮನಾಗಿದ್ದಾರೆ.

ಮೊದಲ ಎರಡು ವಾರ

ಆರಂಭದಲ್ಲಿ ನನ್ನ ಗಮನವೆಲ್ಲ ಒಂದೇ ಅಂಕಿಯ ಮೇಲಿತ್ತು: ಪ್ರಸ್ತಾವ ಅಂಗೀಕಾರವಾಗಲು ಚಲಾಯಿತ ಮತಗಳಲ್ಲಿ ಎಷ್ಟು ಪಾಲು ಪರವಾಗಿರಬೇಕು? ಅಯೋವಾದಲ್ಲಿ ಶಾಲಾ ಸಾಲಪತ್ರಗಳಿಗೆ ಶೇಕಡ 60 ಬೇಕು. ಐಡಹೊದಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಕ್ಯಾಲಿಫೋರ್ನಿಯಾದ 1879ರ ಸಂವಿಧಾನವೂ ಸ್ಥಳೀಯ ಸಾಲಗಳಿಗೆ ಮೂರರಲ್ಲಿ ಎರಡು ಪಾಲನ್ನೇ ಕೇಳಿತು. ಮಿಸೌರಿಯ ನಿಯಮ ಎಲ್ಲಕ್ಕಿಂತ ವಿಚಿತ್ರ: ಏಪ್ರಿಲ್‌ನ ಪುರಸಭಾ ಚುನಾವಣೆಯ ದಿನ, ಆಗಸ್ಟ್‌ನ ಪ್ರಾಥಮಿಕ ಚುನಾವಣೆಯ ದಿನ ಅಥವಾ ನವೆಂಬರ್‌ನ ಸಾರ್ವತ್ರಿಕ ಚುನಾವಣೆಯ ದಿನ ಪ್ರಶ್ನೆಯನ್ನು ಇಟ್ಟರೆ ಏಳರಲ್ಲಿ ನಾಲ್ಕು ಪಾಲು ಸಾಕು, ಬೇರೆ ದಿನ ಇಟ್ಟರೆ ಮೂರರಲ್ಲಿ ಎರಡು ಪಾಲು ಬೇಕು. ಒಂದೇ ಕಟ್ಟಡ, ಅದೇ ಮತದಾರರು, ದಿನಾಂಕ ಬದಲಾದರೆ ಗೆಲುವಿನ ಗೆರೆಯೇ ಬದಲಾಗುತ್ತದೆ. ಆಗ ಇದನ್ನು ಒಂದು ಸ್ವಾರಸ್ಯವೆಂದು ಟಿಪ್ಪಣಿ ಮಾಡಿಕೊಂಡು ಮುಂದೆ ಹೋದೆ. ಇಡೀ ಕೆಲಸದ ಕೀಲಿ ಅಲ್ಲಿಯೇ ಇದೆಯೆಂದು ಹೊಳೆದದ್ದು ಮೂರನೆಯ ವಾರದಲ್ಲಿ.

ಸ್ಪ್ರೆಡ್‌ಶೀಟ್ ಸಿದ್ಧವಾಯಿತು. ಬೇರೆ ಯಾವ ದೊಡ್ಡ ಚುನಾವಣೆಯೂ ಇಲ್ಲದ ಸದ್ದಿಲ್ಲದ ಒಂದು ದಿನ, ಪರ ಇರುವ 1,500 ಜನರಲ್ಲಿ ಶೇಕಡ 28 ಮಂದಿ, ವಿರುದ್ಧವಿರುವ 1,500 ಜನರಲ್ಲಿ ಶೇಕಡ 14 ಮಂದಿ ಮತ ಹಾಕುತ್ತಾರೆಂದು ಊಹಿಸಿ ಮೊದಲ ಲೆಕ್ಕ ಹಾಕಿದೆ. 420 ಪರ, 210 ವಿರುದ್ಧ, ಒಟ್ಟು 630. ಮೂರರಲ್ಲಿ ಎರಡು ಪಾಲು ಕರಾರುವಾಕ್ಕಾಗಿ ಬಂದಿದೆ, ಒಂದು ಮತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದರೆ ಶೀಟು ಮಾತ್ರ ‘ಬಿದ್ದಿದೆ’ ಎಂದು ತೋರಿಸಿತು. ಅರ್ಧ ಗಂಟೆ ಸೂತ್ರಗಳನ್ನೆಲ್ಲ ಜಾಲಾಡಿದ ಮೇಲೆ ತಪ್ಪು ಸಿಕ್ಕಿತು: ಗೆರೆಯ ಕೋಶದಲ್ಲಿ ನಾನೇ 0.6667 ಎಂದು ಬರೆದಿದ್ದೆ. ಕೊನೆಯ ಅಂಕಿಯನ್ನು ಮೇಲಕ್ಕೆ ದುಂಡಾಗಿಸಿದ್ದರಿಂದ, ನಿಯಮದ ಪ್ರಕಾರ ಗೆದ್ದ ಶಾಲೆಯನ್ನು ನನ್ನ ಶೀಟು ಕೂದಲೆಳೆಯ ಅಂತರದಲ್ಲಿ ಸೋಲಿಸಿತ್ತು.

ಏಳರಲ್ಲಿ ನಾಲ್ಕು ಪಾಲಿಗೆ 0.5714 ಎಂದು ಬರೆದಿದ್ದ ಕೋಶವನ್ನೂ ಅನುಮಾನದಿಂದಲೇ ಪರೀಕ್ಷಿಸಿದೆ. ಅಲ್ಲಿ ತಪ್ಪು ತಿರುಗುಮುರುಗಾಗಿತ್ತು. 5,000 ಮತಗಳಲ್ಲಿ 2,857 ಪರವಾಗಿದ್ದರೆ ಪಾಲು ಸರಿಯಾಗಿ 0.5714 ಆಗುತ್ತದೆ, ಶೀಟು ‘ಗೆದ್ದಿದೆ’ ಎನ್ನುತ್ತದೆ. ಆದರೆ 5,000ದ ಏಳರಲ್ಲಿ ನಾಲ್ಕು ಪಾಲು 2,857ಕ್ಕಿಂತ ತುಸು ಹೆಚ್ಚು, ಆದ್ದರಿಂದ ನಿಜವಾಗಿ 2,858 ಮತ ಬೇಕು. ದಶಮಾಂಶಗಳನ್ನೆಲ್ಲ ಕಿತ್ತುಹಾಕಿ ಪೂರ್ಣಾಂಕಗಳ ಹೋಲಿಕೆಗೆ ಬಂದೆ: ಪರ ಮತಗಳ ಮೂರು ಪಟ್ಟು, ಒಟ್ಟು ಮತಗಳ ಎರಡು ಪಟ್ಟಿಗಿಂತ ಕಡಿಮೆಯಿಲ್ಲದಿದ್ದರೆ ಗೆಲುವು. ಇನ್ನು ಮುಂದೆ ಯಾವ ಭಿನ್ನರಾಶಿಯನ್ನೂ ದಶಮಾಂಶದಲ್ಲಿ ಬರೆಯಬಾರದೆಂದು ಶೀಟಿನ ತಲೆಬರಹದಲ್ಲಿಯೇ ಬರೆದಿಟ್ಟಿದ್ದೇನೆ.

ಮೂರನೆಯ ವಾರ

ಅದೇ ಊರನ್ನು, ಯಾರ ಅಭಿಪ್ರಾಯವನ್ನೂ ಬದಲಾಯಿಸದೆ, ನವೆಂಬರ್‌ನ ಸಾರ್ವತ್ರಿಕ ಚುನಾವಣೆಯ ದಿನಕ್ಕೆ ಒಯ್ದೆ. ಆ ದಿನ ಜನ ದೊಡ್ಡ ಹುದ್ದೆಗಳಿಗೆ ಮತ ಹಾಕಲು ಹೇಗಿದ್ದರೂ ಬರುತ್ತಾರೆ, ಶಾಲೆಯ ಪ್ರಶ್ನೆ ಮತಪತ್ರದ ಕೆಳಗಿರುತ್ತದೆ. ಪರವಿರುವವರಲ್ಲಿ ಶೇಕಡ 70, ವಿರುದ್ಧವಿರುವವರಲ್ಲಿ ಶೇಕಡ 66 ಬರುತ್ತಾರೆಂದು ಇಟ್ಟುಕೊಂಡರೆ 1,050 ಪರ, 990 ವಿರುದ್ಧ. ಇದು ಶೇಕಡ 51.5ರಷ್ಟು ಮಾತ್ರ. ಮಿಸೌರಿಯ ನಿಯಮವನ್ನು ಈ ಎರಡೂ ದಿನಗಳಿಗೆ ಅನ್ವಯಿಸಿದಾಗ ಬಂದ ಫಲಿತಾಂಶ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ: ಗೆರೆ ಎತ್ತರವಿರುವ ಸದ್ದಿಲ್ಲದ ದಿನ ಶಾಲೆ ಗೆಲ್ಲುತ್ತದೆ, ಗೆರೆ ತಗ್ಗಿರುವ ನವೆಂಬರ್‌ನಲ್ಲಿ ಸೋಲುತ್ತದೆ.

ಕಾರಣ ಸರಳವಾಗಿದೆ. ಊರು ಸಮಸಮನಾಗಿ ಒಡೆದಿದ್ದಾಗ ಮೂರರಲ್ಲಿ ಎರಡು ಪಾಲು ಪಡೆಯಲು ಪರ ಇರುವವರು ವಿರೋಧಿಗಳ ಎರಡರಷ್ಟು ಪ್ರಮಾಣದಲ್ಲಿ ಮತಗಟ್ಟೆಗೆ ಬರಬೇಕು, ಏಳರಲ್ಲಿ ನಾಲ್ಕು ಪಡೆಯಲು ಮೂರಕ್ಕೆ ನಾಲ್ಕರಂತೆ ಬಂದರೆ ಸಾಕು. ಎರಡನೆಯದು ಹಗುರವೆಂದು ಕಾಣುತ್ತದೆ. ಆದರೆ ನವೆಂಬರ್‌ನಲ್ಲಿ ವಿರೋಧಿಗಳನ್ನು ಮನೆಯಲ್ಲಿ ಕೂರಿಸುವುದು ಯಾರ ಕೈಯಲ್ಲೂ ಇಲ್ಲ. ಸದ್ದಿಲ್ಲದ ದಿನವಾದರೋ ಪೋಷಕರಿಗೆ ಫೋನು ಮಾಡಿ 420 ಜನರನ್ನು ಹೊರಡಿಸಿದರೆ ಕೆಲಸ ಮುಗಿಯಿತು. ಈ ಫಲಿತಾಂಶ ನನ್ನ ಊಹೆಯನ್ನೇ ಹೊತ್ತು ನಿಂತಿದೆ ಎಂಬುದನ್ನೂ ಹೇಳಬೇಕು. ತೆರಿಗೆಯ ಭಯ ಪೋಷಕರ ಉತ್ಸಾಹಕ್ಕಿಂತ ಬಲವಾದ ಊರಿನಲ್ಲಿ 28 ಮತ್ತು 14 ಅದಲುಬದಲಾಗುತ್ತವೆ, ಆಗ ಅದೇ ಸದ್ದಿಲ್ಲದ ದಿನ ಶಾಲೆಯನ್ನು ಶೇಕಡ 33ಕ್ಕೆ ತಂದು ಕೆಡವುತ್ತದೆ. ಎರಡೂ ಸಂದರ್ಭಗಳಲ್ಲಿ ಊರಿನ ಅಭಿಪ್ರಾಯ ಮಾತ್ರ ಅರ್ಧಕ್ಕರ್ಧವೇ.

ಗೆರೆ ಮತ್ತು ದಿನಾಂಕ ಎರಡನ್ನೂ ಬೇರೆಬೇರೆ ಕೋಶಗಳಲ್ಲಿಟ್ಟದ್ದೇ ನನ್ನ ಮೂಲ ತಪ್ಪಾಗಿತ್ತು. ರಾಜ್ಯಗಳ ನಿಯಮ ಬರೆದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಕ್ಯಾಲಿಫೋರ್ನಿಯಾದಲ್ಲಿ 2000ದ ಮಾರ್ಚ್‌ನಲ್ಲಿ ಶಾಲಾ ಸಾಲಗಳಿಗೆ ಸರಳ ಬಹುಮತ ಸಾಕೆನ್ನುವ 26ನೆಯ ಪ್ರಸ್ತಾವ ಸೋತಿತು. ಅದೇ ವರ್ಷ ನವೆಂಬರ್‌ನಲ್ಲಿ 39ನೆಯ ಪ್ರಸ್ತಾವ ಗೆದ್ದು ಗೆರೆಯನ್ನು ಶೇಕಡ 55ಕ್ಕೆ ಇಳಿಸಿತು. ಹಾಗೆ ಇಳಿಸಿದ ಗೆರೆಯ ಜೊತೆಗೆ ಷರತ್ತುಗಳೂ ಬಂದವು: ಯಾವ ಕಟ್ಟಡಗಳಿಗೆ ಹಣವೆಂಬ ಪಟ್ಟಿಯನ್ನು ಮೊದಲೇ ಕೊಡಬೇಕು, ಲೆಕ್ಕಪರಿಶೋಧನೆ ನಡೆಯಬೇಕು, ನಾಗರಿಕರ ಉಸ್ತುವಾರಿ ಸಮಿತಿ ಇರಬೇಕು, ಮತ್ತು ಮತದಾನ ನಿಗದಿತ ಚುನಾವಣೆಗಳ ಜೊತೆಯಲ್ಲಿಯೇ ನಡೆಯಬೇಕು. ತಗ್ಗಿದ ಗೆರೆ ಬೇಕೆಂದರೆ ತುಂಬಿದ ಮತಗಟ್ಟೆಯನ್ನು ಎದುರಿಸಿರಿ ಎಂಬುದು ಇದರ ತಾತ್ಪರ್ಯ. ಇನ್ನೊಂದು ಮಾತನ್ನು ಇಲ್ಲಿ ಸೇರಿಸದಿರಲು ಮನಸ್ಸು ಒಪ್ಪುತ್ತಿಲ್ಲ: 39ನೆಯ ಪ್ರಸ್ತಾವ ಗೆಲ್ಲಲು ಸರಳ ಬಹುಮತ ಸಾಕಾಗಿತ್ತು, ಅದಕ್ಕೆ ಬಂದ ಮತ ಶೇಕಡ 53ರ ಆಸುಪಾಸು. ತಾನೇ ಹಾಕಿದ ಗೆರೆಯನ್ನು ದಾಟುವಷ್ಟು ಮತ ಅದಕ್ಕೇ ಇರಲಿಲ್ಲ.

ನಾಲ್ಕನೆಯ ವಾರ

ಬೆರಳೆಣಿಕೆಯ ಜನ ಬಂದು ಇಡೀ ಊರನ್ನು ಸಾಲಕ್ಕೆ ಸಿಲುಕಿಸಬಾರದೆಂದು ಕೆಲವು ರಾಜ್ಯಗಳು ಕನಿಷ್ಠ ಹಾಜರಿಯ ನಿಯಮವನ್ನು ಇಟ್ಟುಕೊಂಡಿವೆ. ವಾಷಿಂಗ್ಟನ್ ರಾಜ್ಯದಲ್ಲಿ ಶಾಲಾ ಸಾಲ ಗೆಲ್ಲಬೇಕಾದರೆ ಶೇಕಡ 60 ಪರ ಮತಗಳ ಜೊತೆಗೆ, ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದವರ ಸಂಖ್ಯೆಯ ಶೇಕಡ 40ರಷ್ಟಾದರೂ ಮತ ಚಲಾವಣೆಯಾಗಬೇಕು. ಒರೆಗಾನ್‌ನಲ್ಲಿ 1990ರ ದಶಕದ ತೆರಿಗೆ ತಿದ್ದುಪಡಿಗಳು ಹಲವು ತೆರಿಗೆ ಮತದಾನಗಳಿಗೆ ನೋಂದಾಯಿತ ಮತದಾರರಲ್ಲಿ ಅರ್ಧದಷ್ಟು ಹಾಜರಿಯನ್ನು ಕೇಳಿದ್ದವು. 2008ರಲ್ಲಿ ಅಲ್ಲಿನ ಮತದಾರರು ಮೇ ಮತ್ತು ನವೆಂಬರ್ ಚುನಾವಣೆಗಳಿಗೆ ಆ ಷರತ್ತನ್ನು ತೆಗೆದುಹಾಕಿದರು.

ಈ ನಿಯಮವನ್ನು ಮಾದರಿಗೆ ಸೇರಿಸಿದೊಡನೆ ಅದು ವಿಪರೀತವಾಗಿ ವರ್ತಿಸತೊಡಗಿತು, ಮತ್ತೆ ನನ್ನದೇ ಸೂತ್ರದ ತಪ್ಪಿರಬೇಕೆಂದು ಒಂದು ಸಂಜೆಯನ್ನು ಕಳೆದೆ. ತಪ್ಪು ಸೂತ್ರದ್ದಾಗಿರಲಿಲ್ಲ. ಹಿಂದಿನ ಸಾರ್ವತ್ರಿಕ ಚುನಾವಣೆಯಲ್ಲಿ 2,400 ಜನ ಮತ ಹಾಕಿದ್ದರೆ, ವಾಷಿಂಗ್ಟನ್ ನಿಯಮದಂತೆ ಈಗ 960 ಮತಗಳಾದರೂ ಬೇಕು. 600 ಪರ, 340 ವಿರುದ್ಧ ಬಂದಿವೆಯೆನ್ನೋಣ. ಒಟ್ಟು 940, ಹಾಜರಿ ಸಾಲದೆ ಪ್ರಸ್ತಾವ ಬೀಳುತ್ತದೆ. ಈಗ ಮನೆಯಲ್ಲಿ ಕುಳಿತ ವಿರೋಧಿಗಳಲ್ಲಿ 20 ಜನ ‘ಬೇಡ’ ಎಂದು ಗುರುತು ಹಾಕಿ ಮತಪತ್ರದ ಲಕೋಟೆಯನ್ನು ಅಂಚೆಗೆ ಹಾಕಿದರೆ, ಒಟ್ಟು 960 ಆಗುತ್ತದೆ, ಪರ ಪಾಲು ಶೇಕಡ 62.5, ಪ್ರಸ್ತಾವ ಗೆಲ್ಲುತ್ತದೆ! ‘ಬೇಡ’ ಎಂಬ ಮತವೇ ಶಾಲೆಯನ್ನು ಕಟ್ಟಿಸಿತು. ವಿರೋಧಿಗಳು 20ರಿಂದ 60ರವರೆಗೆ ಎಷ್ಟೇ ಹೆಚ್ಚಿದರೂ ಶಾಲೆ ಗೆಲ್ಲುತ್ತಲೇ ಇರುತ್ತದೆ, 61ನೆಯ ಲಕೋಟೆ ಬಂದಾಗ ಮತ್ತೆ ಸೋಲುತ್ತದೆ. ಆದ್ದರಿಂದ ಲೆಕ್ಕ ಬಲ್ಲ ವಿರೋಧಿ ಇಂಥ ಊರಿನಲ್ಲಿ ಮತ ಹಾಕುವುದೇ ಇಲ್ಲ. ಚಾಪೆಯ ಕೆಳಗೆ ತೂರುವವರಿಗಾಗಿ ಮಾಡಿದ ನಿಯಮ ರಂಗೋಲಿಯ ಕೆಳಗೆ ತೂರುವವರಿಗೆ ದಾರಿ ತೋರಿಸಿದಂತಾಯಿತು.

ಇಲ್ಲಿಯೂ ದಿನಾಂಕವೇ ಮತ್ತೆ ಎದುರಾಗುತ್ತದೆ. ಅಳತೆಗೋಲು ಹಿಂದಿನ ಸಾರ್ವತ್ರಿಕ ಚುನಾವಣೆಯಾದ್ದರಿಂದ, ರಾಷ್ಟ್ರಾಧ್ಯಕ್ಷರ ಆಯ್ಕೆ ನಡೆದ ನವೆಂಬರ್ ಕಳೆದ ಕೂಡಲೇ, ಬರುವ ಫೆಬ್ರವರಿಯಲ್ಲಿ ಪ್ರಶ್ನೆ ಇಟ್ಟ ಊರಿಗೆ ಶೇಕಡ 40 ಎಂಬುದು ಬೆಟ್ಟವಾಗುತ್ತದೆ. ಸಪ್ಪೆಯಾದ ಬೆಸ ವರ್ಷದ ಚುನಾವಣೆಯ ನಂತರ ಇಟ್ಟರೆ ಅದೇ ಶೇಕಡ 40 ದಿಬ್ಬದಷ್ಟಾಗುತ್ತದೆ.

ಐದನೆಯ ವಾರ

ತೆರಿಗೆಯ ಹಾಳೆ ಬೇಗ ಮುಗಿಯಿತು. 60 ಲಕ್ಷ ಡಾಲರ್ ಸಾಲ, 20 ವರ್ಷ, ಶೇಕಡ 4 ಬಡ್ಡಿ, ಊರಿನ ಒಟ್ಟು ತೆರಿಗೆಯೋಗ್ಯ ಆಸ್ತಿ 40 ಕೋಟಿ ಡಾಲರ್ ಎಂದು ಇಟ್ಟುಕೊಂಡೆ. ಅಸಲನ್ನು ಸಮನಾಗಿ ಹಂಚಿದರೆ ಎರಡೂವರೆ ಲಕ್ಷ ಡಾಲರ್ ಮೌಲ್ಯದ ಮನೆಗೆ ಮೊದಲ ವರ್ಷ 337 ಡಾಲರ್ 50 ಸೆಂಟ್, ಕೊನೆಯ ವರ್ಷ 195 ಡಾಲರ್ ಬೀಳುತ್ತದೆ. ವಾರ್ಷಿಕ ಕಂತನ್ನೇ ಸಮನಾಗಿಸಿದರೆ ಪ್ರತಿ ವರ್ಷವೂ ಸುಮಾರು 276 ಡಾಲರ್, ಆದರೆ ಒಟ್ಟು ಬಡ್ಡಿ 25.2 ಲಕ್ಷದಿಂದ ಸುಮಾರು 28.3 ಲಕ್ಷಕ್ಕೆ ಏರುತ್ತದೆ. ಪ್ರಚಾರದ ಕರಪತ್ರದಲ್ಲಿ ಪರದವರು 276ನ್ನೂ ವಿರೋಧದವರು 28.3 ಲಕ್ಷವನ್ನೂ ದಪ್ಪಕ್ಷರದಲ್ಲಿ ಹಾಕಬಹುದು, ಇಬ್ಬರೂ ಸುಳ್ಳು ಹೇಳಿದಂತಾಗುವುದಿಲ್ಲ.

ಸಿಕ್ಕುಸಿಕ್ಕಾದದ್ದು ಪಟ್ಟಣ ಸಭೆ, ಅಂದರೆ ಊರಿನ ಮತದಾರರೇ ಒಂದೆಡೆ ಸೇರಿ ಚರ್ಚಿಸಿ ತೀರ್ಮಾನಿಸುವ ಸಭೆ. ಮ್ಯಾಸಚೂಸೆಟ್ಸ್‌ನ ಊರುಗಳಲ್ಲಿ ಕಟ್ಟಡದ ಸಾಲ ಎರಡು ಬಾಗಿಲು ದಾಟಬೇಕಾಗಬಹುದು: ಸಾಲವನ್ನು ಪಟ್ಟಣ ಸಭೆ ಮೂರರಲ್ಲಿ ಎರಡು ಪಾಲಿನಿಂದ ಒಪ್ಪಬೇಕು; ಆ ಸಾಲದ ಕಂತನ್ನು, ತೆರಿಗೆಯ ಏರಿಕೆಯನ್ನು ವರ್ಷಕ್ಕೆ ಎರಡೂವರೆ ಶೇಕಡಕ್ಕೆ ಕಟ್ಟಿಹಾಕಿದ 1980ರ ಕಾನೂನಿನ ಮಿತಿಯಿಂದ ಹೊರಗಿಡಬೇಕಾದರೆ ಮತಪತ್ರದಲ್ಲಿ ಸರಳ ಬಹುಮತವೂ ಬೇಕು. ಮೊದಲ ಬಾಗಿಲಲ್ಲಿ ಸಂಜೆ ಬಂದು ಕುಳಿತು ಚರ್ಚೆ ಕೇಳಿದವರು, ಎರಡನೆಯದರಲ್ಲಿ ಮತ ಹಾಕಿ ಹೊರಟುಹೋಗುವವರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಲಕ್ಷ ಡಾಲರಿಗೆ ಮೀರಿದ ಸಾಲಕ್ಕೆ ಸಭೆಯಲ್ಲಿ ಕೈಯೆತ್ತಿದರೆ ಆಗದು, ಮತಪತ್ರವೇ ಬೇಕು, ಮತ್ತು ಚರ್ಚೆ ಮುಗಿದ ಮೇಲೆ ಮತಪೆಟ್ಟಿಗೆ ಕನಿಷ್ಠ ಒಂದು ಗಂಟೆ ತೆರೆದಿರಬೇಕು. ಆ ಒಂದು ಗಂಟೆಯನ್ನು ಮಾದರಿಯಲ್ಲಿ ಹೇಗೆ ತೋರಿಸುವುದೆಂದು ನಾಲ್ಕು ದಿನ ಒದ್ದಾಡಿದೆ. ಚರ್ಚೆಗೆ ಬಾರದವರು ಮತಕ್ಕಷ್ಟೇ ಬಂದು ಹೋಗಲು ಅದು ಅವಕಾಶ ಕೊಡುತ್ತದೆ, ಬೇಸತ್ತವರು ಎದ್ದುಹೋಗಲೂ ದಾರಿಯಾಗುತ್ತದೆ. ಸದ್ಯಕ್ಕೆ ಪ್ರತಿ ಹತ್ತು ನಿಮಿಷಕ್ಕೆ ಇಂತಿಷ್ಟು ಜನ ಒಳಬರುವಂತೆ, ಇಂತಿಷ್ಟು ಜನ ಹೊರಹೋಗುವಂತೆ ಬರೆದಿದ್ದೇನೆ. ಒಪ್ಪವಾಗಿಲ್ಲ, ಆದರೆ ನಡೆಯುತ್ತಿದೆ.

ಆರನೆಯ ವಾರ, ಮತ್ತು ಈಗ

ಇಲ್ಲಿಯವರೆಗೆ ಪ್ರಶ್ನೆ ಆಕಾಶದಿಂದ ಬೀಳುವಂತೆ ಬರೆದಿದ್ದೆ. ನಿಜದಲ್ಲಿ ಅದನ್ನು ಯಾರೋ ಬರೆಯುತ್ತಾರೆ. ಥಾಮಸ್ ರೋಮರ್ ಮತ್ತು ಹವರ್ಡ್ ರೋಸೆಂತಾಲ್ ಎಂಬ ವಿದ್ವಾಂಸರು 1978ರಲ್ಲಿ ಮುಂದಿಟ್ಟ ವಾದವನ್ನು, ಮುಂದೆ ಒರೆಗಾನ್‌ನ ಶಾಲಾ ಬಜೆಟ್ ಮತದಾನಗಳ ಮೇಲೆ ಒರೆಹಚ್ಚಿ ನೋಡಿದ ವಾದವನ್ನು, ಮಾದರಿಗೆ ಸೇರಿಸುತ್ತಿದ್ದೇನೆ. ಮತದಾರನ ಆಯ್ಕೆ ‘ನನಗೆ ಬೇಕಾದಷ್ಟು’ ಮತ್ತು ‘ಬೇಡ’ ಇವುಗಳ ನಡುವೆ ಇರುವುದಿಲ್ಲ. ಮಂಡಳಿ ಮುಂದಿಟ್ಟ ಮೊತ್ತ ಮತ್ತು ಸೋತರೆ ಉಳಿಯುವ ಸ್ಥಿತಿ, ಇವೆರಡರ ನಡುವೆ ಇರುತ್ತದೆ. ನಿರ್ಣಾಯಕ ಮತದಾರನಿಗೆ 50 ಲಕ್ಷದ ಶಾಲೆ ಸಾಕೆನಿಸಿದೆ, ಸೋತರೆ ದೊರೆಯುವುದು 20 ಲಕ್ಷದ ರಿಪೇರಿ ಮಾತ್ರ ಎಂದಿಟ್ಟುಕೊಂಡರೆ, ಹೆಚ್ಚಾದರೂ ಕಡಿಮೆಯಾದರೂ ಅವನ ಬೇಸರ ಒಂದೇ ಆಗಿದ್ದಾಗ, 80 ಲಕ್ಷದವರೆಗಿನ ಯಾವುದನ್ನಾದರೂ ಅವನು ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ. ಸೋತರೂ 40 ಲಕ್ಷದ ಗಟ್ಟಿ ರಿಪೇರಿ ಆಗುವುದೆಂದಾದರೆ 60 ಲಕ್ಷಕ್ಕೆ ನಿಲ್ಲುತ್ತಾನೆ. ಮಾಡು ಎಷ್ಟು ಸೋರಿದರೆ ಅಷ್ಟು ದೊಡ್ಡ ಕಟ್ಟಡ ಗೆಲ್ಲುತ್ತದೆ.

ಮೂರರಲ್ಲಿ ಎರಡು ಪಾಲಿನ ಗೆರೆಯಿದ್ದಾಗ ಆ ನಿರ್ಣಾಯಕ ಮತದಾರ ಊರಿನ ಸಾಲಿನ ನಟ್ಟನಡುವೆ ನಿಂತವನಲ್ಲ, ಕಡಿಮೆ ಖರ್ಚು ಬಯಸುವ ತುದಿಯಿಂದ ಮೂರನೆಯ ಒಂದು ಭಾಗದಲ್ಲಿ ನಿಂತವನು. ಮತಗಟ್ಟೆಗೆ ಯಾರು ಬರುತ್ತಾರೆಂಬುದರ ಮೇಲೆ ಆ ಸಾಲೇ ಬದಲಾಗುವುದರಿಂದ ಅವನನ್ನು ಒಮ್ಮೆ ಹುಡುಕಿ ಗುರುತಿಟ್ಟರೆ ಸಾಲದು, ಪ್ರತಿ ದಿನಾಂಕಕ್ಕೂ ಹೊಸದಾಗಿ ಹುಡುಕಬೇಕು. ಕಳೆದ ಭಾನುವಾರ ರಾತ್ರಿ ಬರೆದ ಸೂತ್ರ ಅವನನ್ನು ಒಮ್ಮೆಯಷ್ಟೇ ಹುಡುಕುತ್ತಿತ್ತು. ಅದನ್ನು ಅಳಿಸಿ, ಮೊದಲು ಹಾಜರಿ, ಆಮೇಲೆ ಸಾಲು, ಕೊನೆಯಲ್ಲಿ ಗೆರೆ ಎಂಬ ಕ್ರಮದಲ್ಲಿ ಮತ್ತೆ ಬರೆಯಲು ಕುಳಿತಿದ್ದೇನೆ. ಹಾಜರಿಯ ಭಾಗ ಮುಗಿದಿದೆ.