26 ಸಾವಿರದ ಹೆಡ್‌ಫೋನ್, ತೆಳ್ಳಗಾದ ದನಿ

ನಾನು ಮಾಡುವುದು ದನಿ ತಿದ್ದುವ ಕೆಲಸ. ಬೆಂಗಳೂರಿನ ಒಂದು ಪುಟ್ಟ ಸ್ಟುಡಿಯೋ. ಸ್ಟುಡಿಯೋ ಅಂದರೆ ಬಾಡಿಗೆ ಮನೆಯ ಎರಡು ರೂಮು, ಅಷ್ಟೇ. ಒಂದರ ಗೋಡೆಗೆಲ್ಲ ಫೋಮ್ ಅಂಟಿಸಿದ್ದೇವೆ. ಇನ್ನೊಂದರಲ್ಲಿ ನಾವು ಮೂರು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತೇವೆ. ಆಡಿಯೋ ಪುಸ್ತಕ, ಕಂಪನಿಗಳ ತರಬೇತಿ ವಿಡಿಯೋ, ಆಗೊಮ್ಮೆ ಈಗೊಮ್ಮೆ ರೇಡಿಯೋ ಜಾಹೀರಾತು. ಓದುವವರ ಕೆಮ್ಮು, ಬಾಯಿ ಲೊಚಗುಟ್ಟುವ ಸದ್ದು, ಹಿಂದಿನ ಬೀದಿಯ ಸೊಪ್ಪಿನವಳ ಕೂಗು, ಇವನ್ನೆಲ್ಲ ಹೆಕ್ಕಿ ತೆಗೆಯುವುದೇ ದಿನದ ಕೆಲಸ.

ಹೀಗಾಗಿ ನೆಂಟರಲ್ಲಿ ಯಾರೇ ಹೆಡ್‌ಫೋನ್ ಕೊಳ್ಳಲಿ, ಮೊದಲು ಫೋನ್ ಬರುವುದು ನನಗೆ. 'ಅಕ್ಕಾ, ಯಾವುದು ಚೆನ್ನಾಗಿದೆ?' ಈಗ ಧೈರ್ಯವಾಗಿ ಉತ್ತರ ಕೊಡುತ್ತೇನೆ. ಆ ಧೈರ್ಯ ಬಂದದ್ದು ಮಾತ್ರ ಒಂದು ದೊಡ್ಡ ಎಡವಟ್ಟಿನಿಂದ.

ನಾಲ್ಕು ವರ್ಷದ ಹಿಂದಿನ ಮಾತು. ನಮಗೆ ಮೊದಲ ಬಾರಿ ದೊಡ್ಡ ಆಡಿಯೋ ಪುಸ್ತಕ ಸಿಕ್ಕಿತ್ತು, ಅಡ್ವಾನ್ಸ್ ಹಣವೂ ಕೈಗೆ ಬಂದಿತ್ತು. ಖುಷಿಯಲ್ಲಿ ನಾನು 26 ಸಾವಿರ ಕೊಟ್ಟು ಒಂದು ವೈರ್‌ಲೆಸ್ ಹೆಡ್‌ಫೋನ್ ತಂದೆ. ಹೊರಗಿನ ಸದ್ದು ಕಡಿಮೆ ಮಾಡುವ ಸೌಲಭ್ಯ ಇತ್ತು, ಮೆತ್ತನೆಯ ಪ್ಯಾಡ್ ಇತ್ತು, ಇಡೋದಕ್ಕೆ ಚೆಂದದ ಡಬ್ಬಿ ಇತ್ತು. ಹಾಡು ಕೇಳಿದರೆ ಸ್ವರ್ಗ. ಇಷ್ಟು ದುಡ್ಡು ಕೊಟ್ಟ ಮೇಲೆ ಕೆಲಸಕ್ಕೂ ಇದೇ ಸರಿ ಅಂದುಕೊಂಡೆ.

ಪುಸ್ತಕ ಓದಿದವರು ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಎಂಥ ದನಿ ಅಂತೀರಿ! ಕಂಚಿನ ಹಂಡೆ ತಟ್ಟಿದ ಹಾಗೆ. ಆದರೆ ನನ್ನ ಹೊಸ ಹೆಡ್‌ಫೋನಿನಲ್ಲಿ ಅದು ಗುಡಾಣದೊಳಗಿಂದ ಮಾತಾಡಿದ ಹಾಗೆ ಗುಂ ಅನ್ನುತ್ತಿತ್ತು. ರೆಕಾರ್ಡಿಂಗ್ ಸರಿಯಾಗಿಲ್ಲ ಅಂದುಕೊಂಡು 200 ಹರ್ಟ್ಜ್‌ನಿಂದ (ಸದ್ದು ಎಷ್ಟು ತಗ್ಗು, ಎಷ್ಟು ಕೀಚಲು ಅಂತ ಅಳೆಯುವ ಮಾನ ಇದು) ಕೆಳಗಿನ ಬೇಸನ್ನು, ಅಂದರೆ ತಗ್ಗಿನ ಗುಂ ಸದ್ದನ್ನು, ಇಳಿಸುತ್ತಾ ಹೋದೆ. ಒಂದಲ್ಲ ಎರಡಲ್ಲ, ಹನ್ನೊಂದು ಅಧ್ಯಾಯ.

ಪ್ರಕಾಶಕರು ಫೋನಿನಲ್ಲಿ ಕೇಳಿದರು, ಕಾರಿನಲ್ಲಿ ಕೇಳಿದರು. 'ದನಿ ಯಾಕೋ ಒಣಗಿ ಹೋಗಿದೆಯಲ್ಲಾ' ಅಂದರು. ಮೇಷ್ಟ್ರು ಮನೆಯಲ್ಲಿ ಕೇಳಿಸಿಕೊಂಡು ನನಗೆ ಫೋನ್ ಮಾಡಿದರು. 'ಏನಮ್ಮಾ, ಆವತ್ತು ನನಗೆ ಜ್ವರ ಬಂದಿತ್ತಾ?'

ನಾಚಿಕೆಯಿಂದ ಕುಗ್ಗಿ ಹೋದೆ. ಒಂಬತ್ತು ರಾತ್ರಿ ಕೂತು ಹನ್ನೊಂದು ಅಧ್ಯಾಯವನ್ನೂ ಮತ್ತೆ ಮಾಡಿದೆ.

ತಪ್ಪು ಹೆಡ್‌ಫೋನಿನದಲ್ಲ. ಹಾಡು ಕೇಳುವವರಿಗೆ ಹಿಡಿಸಲಿ ಅಂತ ಅದರಲ್ಲಿ ಬೇಸ್ ಎತ್ತಿ ಇಟ್ಟಿದ್ದರು. ಮಾರುಕಟ್ಟೆಯಲ್ಲಿರುವ ಬಹಳಷ್ಟು ಹೆಡ್‌ಫೋನುಗಳು ಹೀಗೇ. ಕೇಳಿ ಸಂತೋಷ ಪಡೋದಕ್ಕೆ ಅದು ಸರಿಯೇ. ಆದರೆ ನಾನು ಅದನ್ನು ಹಾಕಿಕೊಂಡು ತೀರ್ಪು ಕೊಡುತ್ತಿದ್ದೆ. ನಾಲಿಗೆಗೆ ಬೆಲ್ಲ ಸವರಿಕೊಂಡು ಕಾಫಿಗೆ ಸಕ್ಕರೆ ಎಷ್ಟಾಗಿದೆ ಅಂತ ನೋಡಿದ ಹಾಗಾಯಿತು.

ಅದೇ ಹೆಡ್‌ಫೋನ್ ಇನ್ನೆರಡು ಸಲ ನನ್ನ ಮಾನ ಕಳೆಯಿತು. ಒಂದು ದಿನ ವೈರಿನ ಹೆಡ್‌ಫೋನ್ ಕೈಕೊಟ್ಟಿತ್ತು. ಓದುವಾಗ ಅವರದೇ ದನಿ ಕಿವಿಗೆ ಬೀಳಲಿ ಅಂತ ಮೇಷ್ಟ್ರಿಗೆ ಇದನ್ನೇ ಹಾಕಿಸಿದೆ. ಹಳಗನ್ನಡವನ್ನೂ ನಿಲ್ಲದೆ ಓದುವ ಮನುಷ್ಯ ಎರಡೇ ಸಾಲಿಗೆ ತಡವರಿಸತೊಡಗಿದರು. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರೋದು ತಡ. ಎಷ್ಟೋ ಸೆಟ್‌ಗಳಲ್ಲಿ ಹತ್ತಿರ ಹತ್ತಿರ ಸೆಕೆಂಡಿನ ಐದನೇ ಒಂದು ಭಾಗ. ಸಿನಿಮಾ ನೋಡುವಾಗ ಫೋನ್ ಅದಕ್ಕೆ ತಕ್ಕಂತೆ ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತದೆ. ಆದರೆ ನಮ್ಮದೇ ಮಾತು ನಮಗೆ ಅಷ್ಟು ತಡವಾಗಿ ಕೇಳಿಸಿದರೆ ನಾಲಿಗೆ ಗಂಟು ಬೀಳುತ್ತದೆ. ಬೇಕಾದರೆ ಮನೆಯಲ್ಲಿ ಮಾಡಿ ನೋಡಿ, ಒಳ್ಳೆ ತಮಾಷೆ.

ಇನ್ನೊಂದು ಸಲ ಆನ್‌ಲೈನ್ ಮೀಟಿಂಗಿನಲ್ಲಿ ಗ್ರಾಹಕರು ಹಾಕಿದ ಆಡಿಯೋ ಕೇಳಿ, 'ಇದು ಹಳೇ ಟೆಲಿಫೋನ್ ಥರ ಇದೆ, ಮತ್ತೆ ರೆಕಾರ್ಡ್ ಮಾಡಿಸಿ' ಅಂದುಬಿಟ್ಟೆ. ಆಡಿಯೋ ಚೆನ್ನಾಗಿಯೇ ಇತ್ತು. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಹೆಡ್‌ಫೋನಿನ ಮೈಕ್ ಆನ್ ಆದ ಕೂಡಲೇ ಬಹಳಷ್ಟು ಸೆಟ್‌ಗಳು ಸಂಗೀತದ ಮೋಡ್ ಬಿಟ್ಟು ಕರೆಯ ಮೋಡಿಗೆ ಇಳಿಯುತ್ತವೆ. ಆಗ ಎರಡು ಕಿವಿಗೂ ಒಂದೇ ಸದ್ದು, ಗುಣಮಟ್ಟವೂ ಫೋನ್ ಕರೆಯದ್ದು. ಎರಡು ಸಾವಿರದ್ದಿರಲಿ, ಮೂವತ್ತು ಸಾವಿರದ್ದಿರಲಿ, ಕಥೆ ಇದೇ. ನೀವು ಇಡೀ ದಿನ ಮೀಟಿಂಗ್ ಮಾಡುವವರಾದರೆ ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಳ್ಳಿ. ಇಲ್ಲವೇ ವೈರಿನ ಹೆಡ್‌ಸೆಟ್ ತಗೊಳ್ಳಿ. ನನ್ನ ತಮ್ಮ ಈ ಒಂದು ಮಾತು ಕೇಳಿ ಹೊಸದು ಕೊಳ್ಳುವುದನ್ನೇ ಬಿಟ್ಟ. ಸೆಟ್ಟಿಂಗ್‌ನಲ್ಲಿ ಮೈಕ್ ಬದಲಾಯಿಸಿದ, ಮುಗೀತು.

ಆಮೇಲೆ ನಾನು ಲೆಕ್ಕ ಹಾಕಿದೆ. ಆ 26 ಸಾವಿರದಲ್ಲಿ ನಾನು ಏನೇನಕ್ಕೆ ದುಡ್ಡು ಕೊಟ್ಟೆ? ಬ್ಯಾಟರಿಗೆ, ಬ್ಲೂಟೂತ್ ಚಿಪ್ಪಿಗೆ, ಹೊರಗಿನ ಸದ್ದು ತಗ್ಗಿಸುವ ಮೈಕುಗಳಿಗೆ, ಆಪ್‌ಗೆ, ಡಬ್ಬಿಗೆ, ಜಾಹೀರಾತಿಗೆ. ಇವೆಲ್ಲ ಆದ ಮೇಲೆ ಉಳಿದದ್ದು ಸದ್ದಿಗೆ. 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರ ಲೇಖನ ಬಂತು. ಅವರು 283 ಹೆಡ್‌ಫೋನುಗಳನ್ನು ಅಳೆದು, ಬೇಸ್‌ನಿಂದ ಕೀಚಲು ಸದ್ದಿನವರೆಗೆ ಯಾವುದು ಹೇಗೆ ನುಡಿಯುತ್ತದೆ ಅಂತ ನೋಡಿದರು. ಅದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಇದನ್ನು ಮೊದಲೇ ಓದಿದ್ದರೆ ಒಂಬತ್ತು ರಾತ್ರಿ ನಿದ್ದೆ ಮಾಡಬಹುದಿತ್ತು, ಅಲ್ವಾ?

ಹಾಗಂತ ದುಬಾರಿ ಸೆಟ್ ಕೊಂಡವರೆಲ್ಲ ಮೂರ್ಖರು ಅನ್ನಲಾರೆ. ದಿನಾ ಎರಡು ಗಂಟೆ ಬಸ್ಸಿನಲ್ಲಿ ಹೋಗುವವರಿಗೆ ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನ್ ವರದಾನ. ಅದು ಹೊರಗಿನ ಸದ್ದನ್ನು ಮೈಕಿನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಗೆ ಬಿಡುತ್ತದೆ. ಎರಡೂ ಸೇರಿದಾಗ ಸದ್ದು ಕುಗ್ಗುತ್ತದೆ. ಎಂಜಿನ್, ಫ್ಯಾನ್, ಎಸಿಯಂಥ ಒಂದೇ ಸಮನೆ ಗೊಯ್ಗುಡುವ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕಂಡಕ್ಟರ್ ಸೀಟಿ, ಪಕ್ಕದವರ ಮಾತು ಪೂರ್ತಿ ಹೋಗುವುದಿಲ್ಲ. ಎಂಜಿನ್ ಸದ್ದು ತಗ್ಗಿದರೆ ವಾಲ್ಯೂಮ್ ಏರಿಸುವ ಗೋಜಿಲ್ಲ, ಕಿವಿಗೂ ಒಳ್ಳೆಯದು. ಒಂದು ಎಚ್ಚರಿಕೆ ಇದೆ. ಡಬ್ಬಿಯ ಮೇಲೆ ಎಎನ್‌ಸಿ ಅಂತ ಇದ್ದರೆ ಅದು ನಿಮ್ಮ ಕಿವಿಗೆ. ಇಎನ್‌ಸಿ ಅಂತ ಇದ್ದರೆ ಅದು ಮೈಕಿಗೆ, ಅಂದರೆ ಲಾಭ ಆಚೆ ಕಡೆಯವರಿಗೆ. ಒಂದೇ ಅಕ್ಷರದ ವ್ಯತ್ಯಾಸ. ನನ್ನ ಚಿಕ್ಕಮ್ಮನ ಮಗ ಅದರಲ್ಲೇ ಮೋಸ ಹೋದ.

ಡಬ್ಬಿಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಅದರ ಮೇಲಿನ ಅಂಕಿಗಳಲ್ಲಿ ಮುಕ್ಕಾಲು ಪಾಲು ಅಲಂಕಾರ. 20 ಹರ್ಟ್ಜ್‌ನಿಂದ 20,000 ಹರ್ಟ್ಜ್ ಅಂತ ಮುನ್ನೂರು ರೂಪಾಯಿಯದರ ಮೇಲೂ ಇರುತ್ತದೆ. ಆ ಎರಡು ತುದಿಯ ನಡುವೆ ಏರಿಳಿತ ಎಷ್ಟು ಅನ್ನುವುದೇ ಮುಖ್ಯ, ಅದನ್ನು ಅಚ್ಚು ಹಾಕುವುದು ಅಪರೂಪ. ಹೈ-ರೆಸ್, ಅಂದರೆ ಹೆಚ್ಚು ಸೂಕ್ಷ್ಮದ ಸದ್ದು, ಅಂತ ಚೀಟಿ ಅಂಟಿಸಿದವು 40,000 ಹರ್ಟ್ಜ್ ಮುಟ್ಟುತ್ತವಂತೆ. ನನಗೆ ನಲವತ್ತೊಂದು ವಯಸ್ಸು, 15,000 ಮೇಲಿನದು ಕೇಳುವುದೇ ಇಲ್ಲ. ಮೇಲಿನದ್ದು ಬೀದಿ ನಾಯಿಗಳಿಗೆ. ಡ್ರೈವರ್ (ಒಳಗಿರುವ ಪುಟ್ಟ ಸ್ಪೀಕರ್) ಎಷ್ಟು ಮಿಲಿಮೀಟರ್, ಬ್ಲೂಟೂತ್ ಎಷ್ಟನೇ ಆವೃತ್ತಿ, ಇವುಗಳಿಂದಲೂ ಸದ್ದಿನ ಗುಣ ಗೊತ್ತಾಗುವುದಿಲ್ಲ. ಇನ್ನು 'ಎಂಆರ್‌ಪಿ 4,990, ಈಗ ಬರೀ 1,299' ಅನ್ನುವುದು. ಅದು ವರ್ಷವಿಡೀ 1,299ಕ್ಕೇ ಮಾರುವ ಮಾಲು.

ನೋಡಲೇಬೇಕಾದ ಅಂಕಿ ಒಂದಿದೆ, ಓಮ್. ಅಂದರೆ ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಸ್ಟುಡಿಯೋ ಹೆಡ್‌ಫೋನ್ ಆರ್ಡರ್ ಮಾಡುವಾಗ 32, 80, 250 ಅಂತ ಮೂರು ಬಗೆ ಕಂಡನಂತೆ. ಜಾಸ್ತಿ ಇದ್ದರೆ ಜಾಸ್ತಿ ಒಳ್ಳೆಯದು ಅಂತ 250 ಓಮ್ ತರಿಸಿದ. ಫೋನಿಗೆ ಸಿಕ್ಕಿಸಿದರೆ ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ. ಅಷ್ಟು ಓಮ್‌ನ ಸೆಟ್‌ಗೆ ಸಾಮಾನ್ಯವಾಗಿ ಬೇರೆ ಆಂಪ್ಲಿಫೈಯರ್ ಬೇಕು. 'ಮೇಡಂ, ಈಗೇನ್ ಮಾಡ್ಲಿ?' ಅಂತ ಮುಖ ಸಣ್ಣ ಮಾಡಿಕೊಂಡ. ಆಫೀಸಿನ ಆಡಿಯೋ ಇಂಟರ್‌ಫೇಸಿಗೆ (ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸಿಕ್ಕಿಸಿದ ಮೇಲೆ ಸರಿಹೋಯಿತು. ಮನೆಗೆ ಒಯ್ದರೆ ಮಾತ್ರ ಅದು ಷೋಕೇಸಿಗೆ. ಫೋನ್, ಲ್ಯಾಪ್‌ಟಾಪಿಗೆ 80 ಓಮ್ ಒಳಗಿನದು ಸಾಕು.

ಅಂಗಡಿಯಲ್ಲಿ ಕೇಳಿ ನೋಡುವ ಅವಕಾಶ ಇದ್ದರೆ ಬಿಡಬೇಡಿ. ಆದರೆ ಅಂಗಡಿಯವರು ಹಾಕುವ ಹಾಡು ಕೇಳಬೇಡಿ, ಅವರು ಆರಿಸಿದ ಹಾಡಿಗೆ ಯಾವ ಸೆಟ್ ಆದರೂ ಚೆನ್ನಾಗಿಯೇ ಕೇಳಿಸುತ್ತದೆ. ನಿಮಗೆ ಬಾಯಿಪಾಠ ಆದದ್ದನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ. ನಾನು ಮೂರು ತುಣುಕು ಒಯ್ಯುತ್ತೇನೆ. ಒಂದು ಮೃದಂಗ: ಎಡಗೈಯ ಗುಂಕಾರ ಬಂದು ಕರಗಬೇಕು, ಮುಂದಿನ ಪೆಟ್ಟಿನ ಮೇಲೆ ಹರಡಿಕೊಂಡು ಕೂರಬಾರದು. ಇನ್ನೊಂದು ಯಕ್ಷಗಾನ: ಚಂಡೆ ಜೋರಾದಾಗಲೂ ಭಾಗವತರ ಮಾತು ತಿಳಿಯಬೇಕು, ಕಿವಿ ಮುಚ್ಚಿಕೊಳ್ಳುವ ಹಾಗಾಗಬಾರದು. ಮೂರನೆಯದು ನನ್ನದೇ ದನಿಯಲ್ಲಿ ಶ, ಷ, ಸ ತುಂಬಿರುವ ನಾಲ್ಕು ವಾಕ್ಯ. 'ಸ' ಬಂದಾಗಲೆಲ್ಲ ಕುಕ್ಕರ್ ಸೀಟಿ ಹಾಕಿದಂತೆ ಚುಚ್ಚಿದರೆ ಆ ಸೆಟ್ ಹಾಕಿಕೊಂಡು ದಿನಕ್ಕೆ ಆರು ಗಂಟೆ ಕೂರಲಾರೆ.

ಎರಡು ಸೆಟ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಇದನ್ನು ಹತ್ತು ಸಲ ಹೇಳಿದರೂ ನನಗೆ ಬೇಸರವಿಲ್ಲ. ಸ್ವಲ್ಪ ಜೋರಾಗಿ ನುಡಿಯುವುದು ನಮ್ಮ ಕಿವಿಗೆ ಯಾವಾಗಲೂ ಚೆನ್ನ ಅನಿಸುತ್ತದೆ. ಮಾರುವವರಿಗೆ ಇದು ಗೊತ್ತು.

ಇನ್ನು ಕಿವಿಗೆ ಕೂರುವ ಬಗೆ. ಕಿವಿಯೊಳಗೆ ಹಾಕುವ ಇಯರ್‌ಫೋನಿನಲ್ಲಿ ಬೇಸೇ ಇಲ್ಲ ಅಂತ ಬೈಯುವ ಮೊದಲು ಡಬ್ಬಿಯಲ್ಲಿರುವ ಬೇರೆ ಅಳತೆಯ ರಬ್ಬರ್ ತುದಿ ಹಾಕಿ ನೋಡಿ. ಸಂದು ಉಳಿದರೆ ಬೇಸ್ ಸೋರಿ ಹೋಗುತ್ತದೆ. ನನ್ನ ಎಡಗಿವಿಗೆ ದೊಡ್ಡದು, ಬಲಗಿವಿಗೆ ಮಧ್ಯದ್ದು. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನಿಗೂ ಇದೇ ತೊಂದರೆ. ಕನ್ನಡಕದ ಕಡ್ಡಿಯಿಂದಲೂ ಸದ್ದು ಸೋರುತ್ತದೆ. ನಮ್ಮಲ್ಲಿ ಓದಲು ಬರುವ ಹೆಂಗಸರು ಜುಮುಕಿ ಬಿಚ್ಚಿಟ್ಟೇ ಒಳಗೆ ಹೋಗಬೇಕು, ಅದು ಬೇರೆ ಕಾರಣಕ್ಕೆ: ಮೈಕಿಗೆ ಅದರ ಕಿಣಿಕಿಣಿ ಬೀಳುತ್ತದೆ.

ಬಾಳಿಕೆ ವಿಷಯದಲ್ಲಿ ನಾನು ವೈರಿನ ಪಕ್ಷ. ಕಿವಿಯೊಳಗಿನ ಬಡ್ಸ್‌ನಲ್ಲಿ ಇರೋದು ಹುಣಸೆ ಬೀಜದಷ್ಟು ಬ್ಯಾಟರಿ. ದಿನಾ ಬಳಸಿದರೆ ಎರಡು ಮೂರು ವರ್ಷಕ್ಕೆ ಅದರ ಶಕ್ತಿ ಕುಂದುತ್ತದೆ, ಬಿಚ್ಚಿ ಹೊಸದು ಹಾಕುವುದು ಕಷ್ಟ. ವೈರಿನದರಲ್ಲಿ ಹಾಳಾಗೋದು ಮುಖ್ಯವಾಗಿ ಎರಡು, ವೈರು ಮತ್ತು ಪ್ಯಾಡು. ಕೃತಕ ಚರ್ಮದ ಪ್ಯಾಡು ಯಾವ ಕಂಪನಿಯದಾದರೂ ಬೆವರಿಗೆ ಸಿಪ್ಪೆ ಏಳುತ್ತದೆ. ಹೊಸ ಪ್ಯಾಡ್ ಬೇರೆ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ವೈರು ಬಿಚ್ಚಿ ಬದಲಾಯಿಸುವಂತಿದ್ದರೆ ಇನ್ನೂ ಒಳ್ಳೆಯದು. ಬೆಸುಗೆ ಹಾಕಿ ಪಿನ್ ಬದಲಾಯಿಸಿಕೊಡುವವರು ಎಸ್‌ಪಿ ರೋಡಿನಲ್ಲಿ ಈಗಲೂ ಸಿಗುತ್ತಾರೆ. ಫೋನಿನಲ್ಲಿ ದುಂಡನೆ ತೂತು ಇಲ್ಲ ಅನ್ನುವವರಿಗೆ ಟೈಪ್-ಸಿ ಕನೆಕ್ಟರ್ ಇದೆ. ಸಾವಿರ ಚಿಲ್ಲರೆಯಲ್ಲಿ ಕೆಲಸ ಆಗುತ್ತದೆ.

ಆ ಎಡವಟ್ಟಾದ ಮೇಲೆ ಆಫೀಸಿಗೆ ಒಂದು ಸೋನಿ ಎಂಡಿಆರ್-7506, ಎರಡು ಆಡಿಯೋ-ಟೆಕ್ನಿಕಾ ಎಂ20ಎಕ್ಸ್ ತಂದೆವು. ಸೋನಿಯ ಆ ಮಾದರಿ 1991ರದ್ದು. ಇವತ್ತಿಗೂ ಅದನ್ನೇ ಮಾಡಿ ಮಾರುತ್ತಿದ್ದಾರೆ, ಸ್ಟುಡಿಯೋದವರು ಅದನ್ನೇ ಕೊಳ್ಳುತ್ತಿದ್ದಾರೆ. ನೋಡಲು ಚೆಂದವಿಲ್ಲ, ಸುರುಳಿ ವೈರು ಮೇಜಿನ ಕಾಲಿಗೆಲ್ಲ ಸಿಕ್ಕಿಕೊಳ್ಳುತ್ತದೆ. ಆದರೆ ಲೊಚ ಸದ್ದು, ಸಣ್ಣ ಗೊರ ಗೊರ, ಏನೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಮೂರೂ ಸೇರಿ ನನ್ನ ಆ ಒಂದರ ಬೆಲೆ ಮುಟ್ಟಲಿಲ್ಲ. ಬರೀ ಹಾಡು ಕೇಳುವವರಿಗೆ ನಾನು ಇವನ್ನು ಹೇಳುವುದಿಲ್ಲ, ಸುಮ್ನೆ ಸಪ್ಪೆ ಅನ್ನುತ್ತಾರೆ. ಅವರಿಗೆ ಎರಡು ಸಾವಿರದ ಆಸುಪಾಸಿನ, ಮೂನ್‌ಡ್ರಾಪ್ ಚು ಥರದ ವೈರಿನ ಇಯರ್‌ಫೋನ್ ಹೇಳುತ್ತೇನೆ. ಅಷ್ಟು ಕಡಿಮೆಯಲ್ಲಿ ಅಷ್ಟು ಒಳ್ಳೆ ಸದ್ದು ಹತ್ತು ವರ್ಷದ ಹಿಂದೆ ಕನಸಿನ ಮಾತಾಗಿತ್ತು.

ವಾಲ್ಯೂಮ್ ಬಗ್ಗೆ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದರ ಮೇಲೆ ಮೂರು ಡೆಸಿಬೆಲ್ ಏರಿದಾಗಲೆಲ್ಲ ಕೇಳುವ ಹೊತ್ತನ್ನು ಅರ್ಧ ಮಾಡಬೇಕು. ನಮ್ಮ ಅನ್ನ ಇರೋದೇ ಕಿವಿಯಲ್ಲಿ. ವಾಲ್ಯೂಮಿನ ಗುಬಟಿಯ ಪಕ್ಕ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಅದನ್ನು ದಾಟಿದವರು ಸಂಜೆ ಎಲ್ಲರಿಗೂ ಟೀ ಕೊಡಿಸಬೇಕು.

ಹಳೇ 26 ಸಾವಿರದ ಸೆಟ್ ಈಗ ಅಪ್ಪನ ಬಳಿ ಇದೆ. ರಾತ್ರಿ ಕ್ರಿಕೆಟ್ ನೋಡುವಾಗ ಹಾಕಿಕೊಳ್ಳುತ್ತಾರೆ, ಅಮ್ಮನಿಗೆ ನೆಮ್ಮದಿ.

ಮೇಷ್ಟ್ರ ಆ ಒಣಗಿದ ದನಿಯ ಫೈಲನ್ನು ನಾನು ಅಳಿಸಲಿಲ್ಲ. 'ಜ್ವರ' ಅಂತ ಹೆಸರಿಟ್ಟು ಇಟ್ಟುಕೊಂಡಿದ್ದೇನೆ. ಹೊಸ ಹೆಡ್‌ಫೋನ್ ಯಾರು ತಂದರೂ ಮೊದಲು ಅದರಲ್ಲಿ ನುಡಿಸುವುದು ಇದನ್ನೇ. ದನಿ ತೆಳ್ಳಗೆ, ಒಣಗಿದ ಹಾಗೆ ಕೇಳಿದರೆ ಆ ಸೆಟ್ ನಮ್ಮ ಮೇಜಿಗೆ ಬರುತ್ತದೆ. ಮೇಷ್ಟ್ರು ತುಂಬು ಆರೋಗ್ಯದಿಂದ ಇದ್ದ ಹಾಗೆ ಕೇಳಿದರೆ, ಅದು ತಂದವರ ಮನೆಗೆ ಹೋಗುತ್ತದೆ.